ಕಿವಿಯ ಹಿಂದೆ ನೀಲಿ

ಸೀರೆ ಅಂಗಡಿಯವರು ಸೀರೆ ಗಟ್ಟಿ ಎಂದು ತೋರಿಸಲು ಅದನ್ನು ಹರಿಯಲು ನೋಡುವುದಿಲ್ಲ. ಪಾತ್ರೆ ಅಂಗಡಿಯವರು ಕುಕ್ಕರನ್ನು ಎತ್ತಿ ನೆಲಕ್ಕೆ ಕುಕ್ಕುವುದಿಲ್ಲ. ಕನ್ನಡಕದ ಅಂಗಡಿಯವರಿಗೆ ಮಾತ್ರ ಈ ಸಂಕೋಚವಿಲ್ಲ. ಬಾಗುವ ಫ್ರೇಮ್ ಇದೆಯೇ ಎಂದು ಬಾಯಿ ಬಿಟ್ಟರೆ ಸಾಕು, ಕಪಾಟಿನಿಂದ ಒಂದನ್ನು ತೆಗೆದು, ನಮ್ಮ ಮುಖವನ್ನೇ ನೋಡುತ್ತ, ಒಗೆದ ಪಂಚೆ ಹಿಂಡುವ ಹಾಗೆ ಹಿಂಡಿಬಿಡುತ್ತಾರೆ. ಕೈ ಸಡಿಲಿಸಿದರೆ ಅದು ಮತ್ತೆ ಕನ್ನಡಕವಾಗಿ ಕೂರುತ್ತದೆ. "ಈಗ ನೀವು ಮಾಡಿ ನೋಡಿ ಸರ್" ಎನ್ನುತ್ತಾರೆ. ಇನ್ನೂ ದುಡ್ಡು ಕೊಡದ ವಸ್ತುವನ್ನು ಹಿಂಡಲು ನಮ್ಮಂಥವರಿಗೆ ಧೈರ್ಯ ಬರುವುದಿಲ್ಲ. ದುಡ್ಡು ಕೊಟ್ಟ ಮೇಲಂತೂ ಕೇಳುವುದೇ ಬೇಡ.

ನನಗೆ ಇಂಥ ಫ್ರೇಮ್ ಬೇಕಾಗಿದ್ದಕ್ಕೆ ನಮ್ಮ ಮನೆಯ ಸೋಫಾ ಕಾರಣ. ಮಧ್ಯಾಹ್ನ ಪತ್ರಿಕೆ ಓದುತ್ತ ಅಲ್ಲೇ ತೂಕಡಿಸುವುದು, ಕನ್ನಡಕ ಪಕ್ಕಕ್ಕೆ ಜಾರುವುದು, ಬಂದ ನೆಂಟರು ಅದರ ಮೇಲೆ ಕೂರುವುದು ನಡೆದುಕೊಂಡು ಬಂದ ಕ್ರಮ. ಹಿಂದಿನ ಫ್ರೇಮಿನ ಕಥೆ ಮುಗಿಸಿದವರು ನನ್ನ ಹೆಂಡತಿಯ ದೊಡ್ಡಮ್ಮ. ಎದ್ದು ನೋಡಿ, "ಇಂಥ ಚುಚ್ಚುವ ಸಾಮಾನು ಇಲ್ಲೇಕೆ ಇಟ್ಟಿದ್ದೀರಿ?" ಎಂದು ನನ್ನ ಮೇಲೆಯೇ ಬೇಸರ ಮಾಡಿಕೊಂಡರು. ಹೀಗಾಗಿ ಯಾರು ಕುಳಿತರೂ ಏಳುವವರೆಗೆ ತಾಳಿಕೊಂಡಿದ್ದು, ಎದ್ದ ಮೇಲೆ ತಾನೂ ಏಳುವಂಥ ಫ್ರೇಮ್ ಬೇಕು ಎಂದು ತೀರ್ಮಾನವಾಯಿತು. ಬಣ್ಣದ ತೀರ್ಮಾನ ಹೆಂಡತಿಯದು. ಕಪ್ಪು ಹಾಕಿದರೆ ತೆರಿಗೆ ಇಲಾಖೆಯವರು ಬಂದಂತೆ ಕಾಣುತ್ತೀರಿ ಎಂದಳು. ನವಿಲು ನೀಲಿ ಆಯಿತು. ಕನ್ನಡಿಯಲ್ಲಿ ನೋಡಿಕೊಂಡಾಗ ನನಗೂ ಸ್ವಲ್ಪ ಹೆಮ್ಮೆಯೇ ಆಯಿತೆನ್ನಿ.

ನಾನು ಲೆಕ್ಕ ಬರೆಯುವುದು ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ. ಮೆಕ್ಕೆಜೋಳದ ರಾಶಿಯ ಪಕ್ಕ ಕುಳಿತವರಿಗೆ ಅದರ ಧೂಳಿನ ಮಹಿಮೆ ಗೊತ್ತು. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲು ತಗಡಿನ ಸೂರನ್ನು ಕಾಯಿಸಿ ಒಳಗೆ ಕುಳಿತವರನ್ನು ಬೇಯಿಸುತ್ತದೆ. ಬೆವರು ಕಪಾಳದ ಮೇಲಿಂದ ಕಡ್ಡಿ ಹಿಡಿದು ಕಿವಿಯ ಹಿಂದಕ್ಕೆ ಇಳಿಯುತ್ತದೆ, ಧೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ, ನಾನು ಕನ್ನಡಕವನ್ನು ಮೇಲಕ್ಕೆ ತಳ್ಳಿದಾಗಲೆಲ್ಲ ಮರಳು ಕಾಗದದಲ್ಲಿ ಉಜ್ಜುವ ಕೆಲಸ ತಾನಾಗಿ ನಡೆಯುತ್ತದೆ. ಸಂಜೆ ಬೆಣ್ಣೆ ದೋಸೆ. ಕಾವಲಿಯ ಆವಿಗೆ ಗಾಜು ಮಂಜಾದರೆ ಬೆಣ್ಣೆ ಬೆರಳಿನಲ್ಲೇ ಫ್ರೇಮ್ ಹಿಡಿದು ತೆಗೆಯಬೇಕು. ದೋಸೆ ಇಲ್ಲದ ದಿನ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಅಮೆರಿಕದಲ್ಲೋ ಚೀನಾದಲ್ಲೋ ಈ ಫ್ರೇಮಿಗೆ ಬಣ್ಣ ಬಳಿದ ಮಹಾನುಭಾವರು ಬಜ್ಜಿಯ ಎಣ್ಣೆಯನ್ನು ಲೆಕ್ಕಕ್ಕೆ ಹಿಡಿದಿರಲಿಕ್ಕಿಲ್ಲ.

ಬಣ್ಣ ಹೋಗುತ್ತಿದೆ ಎಂಬುದನ್ನು ಮೊದಲು ಕಂಡವರು ಕ್ಷೌರದ ಅಂಗಡಿಯವರು. ಕತ್ತರಿ ನಿಲ್ಲಿಸಿ, ಧ್ವನಿ ತಗ್ಗಿಸಿ, "ಸರ್, ಕಿವಿಯ ಹಿಂದೆ ಪೆಟ್ಟು ಬಿದ್ದಿದೆಯೇ?" ಎಂದು ಕೇಳಿದರು. ಇಲ್ಲವೆಂದೆ. "ನೀಲಿಗಟ್ಟಿದೆಯಲ್ಲ" ಎಂದು ಇನ್ನೊಂದು ಕನ್ನಡಿ ಹಿಡಿದು ತೋರಿಸಿದರು. ಉಗುರಿನಿಂದ ಮೆಲ್ಲಗೆ ಕೆರೆದಾಗ ತೆಳ್ಳಗಿನ ನೀಲಿ ಹಕ್ಕಳೆಯೊಂದು ಎದ್ದು ಅವರ ಬೆರಳಿಗೆ ಅಂಟಿಕೊಂಡಿತು. ಪಕ್ಕದ ಕುರ್ಚಿಯಲ್ಲಿ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡಿದ್ದವರೂ ಕತ್ತು ಹೊರಳಿಸಿ ನೋಡಿದರು.

ಅಷ್ಟಕ್ಕೆ ಮುಗಿದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ವಾರವೇ ಒಂದು ಮದುವೆ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹೆಂಡತಿಯ ಚಿಕ್ಕಪ್ಪ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ನನ್ನ ಹೆಗಲ ಮೇಲೆ ಕೈ ಇಟ್ಟು, "ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೇ?" ಎಂದರು. ಸರಿಯಾಗಿದೆ ಎಂದೆ. "ಅವಳು ಚಿಕ್ಕಂದಿನಿಂದಲೂ ಸ್ವಲ್ಪ ಮುಂಗೋಪಿ. ಅನುಸರಿಸಿಕೊಂಡು ಹೋಗಿ" ಎಂದರು. ಮೈಸೂರು ಪಾಕು ಬಡಿಸುವ ಹೊತ್ತಿಗೆ ಈ ಸುದ್ದಿ ಎರಡು ಪಂಕ್ತಿ ದಾಟಿತ್ತು. ಹೆಂಡತಿಯ ಕಿವಿಗೆ ಬಿದ್ದಾಗ ಅವಳು ತಾಳಿದ ಮೌನದಲ್ಲಿ ಚಿಕ್ಕಪ್ಪನ ಮಾತಿಗೆ ಸಾಕಷ್ಟು ಪುರಾವೆ ಇತ್ತು.

ಫ್ರೇಮನ್ನು ಬೆಳಕಿಗೆ ಹಿಡಿದು ನೋಡಿದೆ. ಮೂಗಿನ ಮೇಲಿನ ಸೇತುವೆಯಲ್ಲಿ, ಅಂದರೆ ಅತಿ ಹೆಚ್ಚು ಬಾಗುವ ಜಾಗದಲ್ಲಿ, ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಅಡ್ಡಕ್ಕೆ ಬಿದ್ದಿದ್ದವು. ಕಡ್ಡಿ ಕಿವಿಗೆ ತಾಗುವಲ್ಲಿ ನೀಲಿ ಪೂರ್ತಿ ಎದ್ದು ಬೂದು ಲೋಹ ಇಣುಕುತ್ತಿತ್ತು. ಲೋಹಕ್ಕೆ ಏನೂ ಆಗಿರಲಿಲ್ಲ.

ಅಂಗಡಿಗೆ ಹೋದರೆ ಗ್ಯಾರಂಟಿ ಕಾರ್ಡ್ ತೋರಿಸಿದರು. ಒಂದು ವರ್ಷದೊಳಗೆ ಫ್ರೇಮ್ ಮುರಿದರೆ ಹೊಸದು ಕೊಡಲಾಗುವುದು. ಬಣ್ಣದ ಸುದ್ದಿಯೇ ಅದರಲ್ಲಿರಲಿಲ್ಲ.

"ಮುರಿದಿದ್ದರೆ ಇವತ್ತೇ ಬದಲಾಯಿಸಿ ಕೊಡುತ್ತಿದ್ದೆ ಸರ್."

"ಇದು ಮುರಿಯುವುದೇ ಇಲ್ಲ ಎಂದು ನೀವೇ ಹೇಳಿದ್ದೀರಲ್ಲ?"

"ಮುರಿಯುವುದಿಲ್ಲ ಸರ್. ಅದಕ್ಕೇ ಧೈರ್ಯವಾಗಿ ಗ್ಯಾರಂಟಿ ಕೊಡುತ್ತೇವೆ."

ಇಂಥ ನ್ಯಾಯದ ಮುಂದೆ ವಕೀಲರೂ ಕೈ ಮುಗಿಯಬೇಕು. ಮನೆಗೆ ಬಂದು ಹೇಳಿದೆ. ನಮ್ಮಮ್ಮ, "ಅದಕ್ಕೇನು, ದೊಡ್ಡಮ್ಮನನ್ನು ಕರೆಸು" ಎಂದರು.

ಆಮೇಲೆ ಮನೆಮದ್ದುಗಳ ಕಾಲ. ಮಗಳು ತನ್ನ ನೀಲಿ ಉಗುರುಬಣ್ಣ ತಂದು ನಾಜೂಕಾಗಿ ಹಚ್ಚಿದಳು. ಒಣಗಿದಾಗ ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು. ಹಾಕಿಕೊಳ್ಳಲು ಕಡ್ಡಿ ಅಗಲಿಸಿದ್ದೇ ತಡ, ಚಟಚಟನೆ ಬಿಟ್ಟುಕೊಂಡು ಲೆಡ್ಜರಿನ ಮೇಲೆ ಉದುರಿತು. ಬೈಕಿಗೆ ಬಣ್ಣ ಹೊಡೆಯುವವರಲ್ಲಿಗೆ ಹೋದೆ. ಅವರು ಫ್ರೇಮನ್ನು ಹಿಂದೆ ಮುಂದೆ ತಿರುಗಿಸಿ, ಇಷ್ಟಕ್ಕೆ ಬಣ್ಣ ಬೆರೆಸಲು ಆಗುವುದಿಲ್ಲ, ಸ್ಕೂಟರನ್ನೂ ಬಿಟ್ಟು ಹೋದರೆ ಎರಡಕ್ಕೂ ಒಂದೇ ನೀಲಿ ಹೊಡೆದುಕೊಡುತ್ತೇನೆ ಎಂದರು. ಗೇಟು, ಕಿಟಕಿ ಸರಳುಗಳಿಗೆ ಪೌಡರ್ ಕೋಟಿಂಗ್ ಮಾಡುವವರು, ಅಂದರೆ ಬಣ್ಣದ ಪುಡಿ ಹಚ್ಚಿ ಒಲೆಯಲ್ಲಿ ಕಾಯಿಸುವವರು, ಆ ಒಲೆಯ ಮುಳ್ಳನ್ನು ಬೆರಳು ಮಾಡಿ ತೋರಿಸಿದರು. ಹೆಚ್ಚುಕಡಿಮೆ 200 ಡಿಗ್ರಿ ಸೆಲ್ಸಿಯಸ್. ಕಡ್ಡಿಯ ತುದಿಯ ಪ್ಲಾಸ್ಟಿಕ್ ಇಲ್ಲಿ ಉಳಿಯುವುದಿಲ್ಲ ಎಂದು ಅವರಾಗಿಯೇ ಹೇಳಿ ಕಳಿಸಿದ್ದು ಅವರ ದೊಡ್ಡತನ.

ಇಷ್ಟಾದ ಮೇಲೆ ಭಾನುವಾರ ಹರಿಹರದಿಂದ ನನ್ನ ಭಾವಮೈದುನ ಬಂದ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಲೋಹದ ಬಿಡಿಭಾಗಗಳಿಗೆ ಲೇಪ ಹಾಕುವ ವಿಭಾಗ ಅವನದು. ಮದುವೆ ಮನೆಯಲ್ಲೂ ಊಟದ ಎಲೆಗಿಂತ ಮೊದಲು ಮಂಟಪದ ಕಂಬದ ಬಣ್ಣ ಕೆರೆದು ನೋಡುವ ಪೈಕಿ. ಕನ್ನಡಕ ಕೈಗೆ ಕೊಟ್ಟೆ. ಉಪ್ಪಿಟ್ಟು ಆರುವುದನ್ನೂ ಮರೆತ.

"ಭಾವ, ಇದು ನಿಕಲ್, ಟೈಟಾನಿಯಂ ಸೇರಿಸಿದ ಮಿಶ್ರಲೋಹ. ಸಾಧಾರಣ ಉಕ್ಕಿನ ತಂತಿಯನ್ನು ನೂರಕ್ಕೆ ಅರ್ಧ, ಒಂದು ಭಾಗ ಎಳೆದರೆ ಅದು ಮತ್ತೆ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಇದು ಎಂಟು ಭಾಗದವರೆಗೆ ಎಳೆದರೂ ವಾಪಸ್ ಬರುತ್ತದೆ. ಒಳಗಿನ ಹರಳುಗಳ ಜೋಡಣೆಯೇ ಬದಲಾಗಿ, ಕೈ ಬಿಟ್ಟೊಡನೆ ಮೊದಲಿನಂತಾಗುತ್ತದೆ."

ಇದನ್ನು 1959ರಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಎಂಬ ವಿಜ್ಞಾನಿ ಕಂಡುಕೊಂಡರಂತೆ. ಅವರು ಹುಡುಕುತ್ತಿದ್ದದ್ದು ಕ್ಷಿಪಣಿಯ ಮೂತಿಗೆ ಒಗ್ಗುವ ಲೋಹವನ್ನು. ಮುಂದೊಂದು ಸಭೆಯಲ್ಲಿ ಮಡಿಕೆ ಮಡಿಕೆಯಾಗಿ ಮಡಿಸಿದ ಪಟ್ಟಿಯೊಂದು ಕೈಯಿಂದ ಕೈಗೆ ದಾಟುತ್ತಿದ್ದಾಗ, ಅಧಿಕಾರಿಯೊಬ್ಬರು ತಮ್ಮ ಪೈಪಿನ ಲೈಟರನ್ನು ಅದಕ್ಕೆ ಹಿಡಿದರು. ಪಟ್ಟಿ ಎಲ್ಲರ ಕಣ್ಣೆದುರೇ ನೆಟ್ಟಗಾಯಿತು. ಸಭೆಗಳಿಂದ ಲೋಕಕ್ಕೆ ಉಪಯೋಗವಾದ ಅಪರೂಪದ ಪ್ರಸಂಗವಿದು. ಕ್ಷಿಪಣಿಗೆಂದು ಹೊರಟ ಹುಡುಕಾಟ ಕೊನೆಗೆ ನಮ್ಮ ಸೋಫಾದ ಮೇಲೆ ಬಂದು ಬಿದ್ದಿತ್ತು.

"ಲೋಹ ಎಂಟು ಭಾಗ ಹಿಗ್ಗುತ್ತದೆ ಸರಿ, ಮೇಲಿನ ಬಣ್ಣವೂ ಹಿಗ್ಗಬೇಕಲ್ಲ? ಗಟ್ಟಿ ಬಣ್ಣ ಬಳಿದರೆ ಗೀರು ಬೀಳುವುದಿಲ್ಲ, ಆದರೆ ಬಾಗಿಸಿದರೆ ಒಡೆಯುತ್ತದೆ. ಮೆತ್ತನೆಯದು ಬಳಿದರೆ ಒಡೆಯುವುದಿಲ್ಲ, ಆದರೆ ನಿಮ್ಮ ಮೆಕ್ಕೆಜೋಳದ ಧೂಳಿಗೆ ಸವೆಯುತ್ತದೆ. ಇನ್ನೊಂದು ತೊಂದರೆ ಎಂದರೆ ಟೈಟಾನಿಯಂ ಗಾಳಿ ತಾಗಿದ ಕೂಡಲೇ ಮೈಮೇಲೆ ಆಕ್ಸೈಡಿನ ಪೊರೆ ಹೊದ್ದುಕೊಳ್ಳುತ್ತದೆ. ಅದಕ್ಕೇ ತುಕ್ಕು ಹಿಡಿಯುವುದಿಲ್ಲ. ಅದಕ್ಕೇ ಬಣ್ಣವೂ ಹಿಡಿಯುವುದಿಲ್ಲ."

ನನ್ನ ಹೆಂಡತಿಗೆ ಚಿನ್ನದ ಬಣ್ಣದ ಫ್ರೇಮ್ ನೆನಪಾಯಿತು. ಅದು ಹೋಗುವುದಿಲ್ಲವಲ್ಲ ಎಂದಳು. "ಅದರಲ್ಲಿ ಕೆಲವಕ್ಕೆ ಟೈಟಾನಿಯಂ ನೈಟ್ರೈಡ್ ಲೇಪ ಇರುತ್ತದೆ ಅಕ್ಕ. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಆವಿಯ ರೂಪದಲ್ಲಿ ಕೂರಿಸುತ್ತಾರೆ. ವೆಲ್ಡಿಂಗ್ ಅಂಗಡಿಯಲ್ಲಿ ಹೊನ್ನಿನ ಬಣ್ಣದ ಡ್ರಿಲ್ ಬಿಟ್ ನೋಡಿಲ್ಲವೇ, ಅದೇ ಇದು. ಕೂದಲಿನ ದಪ್ಪದ ಹತ್ತರಲ್ಲೊಂದು ಪಾಲೂ ಇರುವುದಿಲ್ಲ, ಆದರೆ ಭಾರಿ ಗಟ್ಟಿ. ಬಾಗದ ಜಾಗಕ್ಕೆ ಸೊಗಸು. ಬಾಗುವ ಜಾಗದಲ್ಲಿ ಅದೂ ಬಿರಿಯುತ್ತದೆ." ವೆಲ್ಡಿಂಗ್ ಅಂಗಡಿಯಲ್ಲಿ ತಾನು ನೋಡುವಂಥದ್ದೇನಿದೆ ಎಂದು ಅವಳು ಒಳಗೆ ಹೋದಳು.

ನಾನು ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದುದನ್ನು ಅವನು ಗಮನಿಸಿದ. ಬಣ್ಣ ಬರೀ ಚೆಂದಕ್ಕಲ್ಲ, ನಿಕಲ್ ಒಗ್ಗದವರ ಚರ್ಮಕ್ಕೂ ಲೋಹಕ್ಕೂ ನಡುವಿನ ಗೋಡೆಯೂ ಅದೇ ಎಂದ. ಅಗ್ಗದ ಓಲೆ ಹಾಕಿದರೆ ಕೆಲವರಿಗೆ ಕಿವಿ ಕಡಿಯುವುದು ಇದೇ ನಿಕಲ್‌ನಿಂದ. ಮೈಗೆ ತಾಗುವ ವಸ್ತುಗಳಿಂದ ಎಷ್ಟು ನಿಕಲ್ ಹೊರಬರಬಹುದು ಎಂಬುದಕ್ಕೆ ಯುರೋಪಿನಲ್ಲಿ ಮಿತಿ ಇದೆಯಂತೆ, ಕನ್ನಡಕದ ಫ್ರೇಮೂ ಅದರಡಿ ಬರುತ್ತದಂತೆ. ಫ್ರೇಮುಗಳ ಪರೀಕ್ಷೆಗೆ ಪ್ರಯೋಗಾಲಯದಲ್ಲಿ ಉಪ್ಪು, ಲ್ಯಾಕ್ಟಿಕ್ ಆಮ್ಲ ಬೆರೆಸಿ ಕೃತಕ ಬೆವರನ್ನೇ ತಯಾರಿಸುತ್ತಾರೆ ಎಂದಾಗ ನಮ್ಮಮ್ಮನಿಗೆ ತಡೆಯಲಾಗಲಿಲ್ಲ. "ಅಷ್ಟು ಕಷ್ಟ ಏಕೆ? ಏಪ್ರಿಲಿನಲ್ಲಿ ಇವನ ಅಂಗಡಿಗೆ ಕೊಡ ತೆಗೆದುಕೊಂಡು ಬರಲಿ" ಎಂದರು.

ಅವನು ಬ್ಲೇಡ್ ಮತ್ತು ಸೆಲ್ಲೋಟೇಪ್ ಕೇಳಿದ. ನಾನು ಗಾಬರಿಯಾದೆ. "ಹೆದರಬೇಡಿ, ಅಂತಾರಾಷ್ಟ್ರೀಯ ಮಾನದಂಡ. ಐಎಸ್ಒ 2409." ಉದ್ದಕ್ಕೆ ಆರು ಗೆರೆ, ಅಡ್ಡಕ್ಕೆ ಆರು ಗೆರೆ ಕೊಯ್ದರೆ 25 ಚೌಕ. ಮೇಲೆ ಟೇಪ್ ಅಂಟಿಸಿ ಕೀಳಬೇಕು. ಒಂದು ಚೌಕವೂ ಏಳದಿದ್ದರೆ ಸೊನ್ನೆ, ಅದೇ ಉತ್ತಮ. ತೀರಾ ಕೆಟ್ಟದ್ದಕ್ಕೆ ಐದು. ಕಡ್ಡಿ ಅಗಲ ಸಾಲದೆ ಚೌಕಗಳು ಪೂರ್ತಿ ಹಿಡಿಸಲಿಲ್ಲ, ಆದರೂ ಉಪ್ಪಿಟ್ಟಿನ ತಟ್ಟೆ ಸರಿಸಿ, ಉಸಿರು ಬಿಗಿ ಹಿಡಿದು ಕೊಯ್ದ. ಟೇಪನ್ನು ಹೆಬ್ಬೆರಳಿನಿಂದ ತೀಡಿ ಅಂಟಿಸಿದ. ಸರ್ರನೆ ಎಳೆದ. ಚೌಕಗಳ ಜೊತೆಗೆ, ಕೊಯ್ಯದೆ ಬಿಟ್ಟಿದ್ದ ಅಕ್ಕಪಕ್ಕದ ನೀಲಿಯೂ ಟೇಪಿನ ಹಿಂದೆ ಎದ್ದು ಬಂತು. "ಐದು" ಎಂದು ಘೋಷಿಸಿ, ಅದೇ ಖುಷಿಯಲ್ಲಿ ಉಪ್ಪಿಟ್ಟು ಎಳೆದುಕೊಂಡ. ಮಗಳು ಟೇಪನ್ನು ಗೋಡೆಯ ಕ್ಯಾಲೆಂಡರಿಗೆ ಅಂಟಿಸಿದಳು.

ನೈಲಾನ್ ಜಾತಿಯ ಪ್ಲಾಸ್ಟಿಕ್ಕಿನಲ್ಲೂ ಬಾಗುವ ಫ್ರೇಮ್ ಬರುತ್ತದೆ, ಅಂಗಡಿಗಳಲ್ಲಿ ಟಿಆರ್ 90 ಎನ್ನುತ್ತಾರೆ. ಅಚ್ಚಿಗೆ ಹಾಕುವ ಮೊದಲೇ ಪ್ಲಾಸ್ಟಿಕ್ಕಿನ ಕಾಳಿನೊಳಗೆ ಬಣ್ಣ ಬೆರೆಸಿದ್ದರೆ ಮೈಯೆಲ್ಲ ಅದೇ ಬಣ್ಣ, ಏಳುವ ಮಾತೇ ಇಲ್ಲ. ಮೇಲೆ ಬಳಿದಿದ್ದರೆ ಅದಕ್ಕೂ ಇದೇ ಗತಿ. ಇದನ್ನೆಲ್ಲ ಅವನು ಕೈ ತೊಳೆಯುತ್ತ ಹೇಳಿದ. ಕೊಳ್ಳುವ ಮೊದಲು ಹೇಳುವ ಭಾವಮೈದುನರನ್ನು ದೇವರು ಸೃಷ್ಟಿಸಿಲ್ಲ.

ಗಾಜು, ಕಡ್ಡಿಯ ತುದಿ, ಮೂಗಿನ ಪ್ಯಾಡ್ ಎಲ್ಲ ಬಿಚ್ಚಿಕೊಟ್ಟು ಫ್ರೇಮನ್ನು ಅವನೊಂದಿಗೆ ಹರಿಹರಕ್ಕೆ ಕಳಿಸಿದೆ. ಮೈಯನ್ನು ಒರಟು ಮಾಡಿ, ಆಮ್ಲದಲ್ಲಿ ತೊಳೆದು, ಪ್ರೈಮರ್ ಕೊಟ್ಟು, ಅದರ ಮೇಲೆ ಹಿಗ್ಗುವ ಗುಣದ ಪಾಲಿಯುರೇಥೇನ್ ಬಣ್ಣ ಸಿಂಪಡಿಸಿ, ಹದವಾದ ಶಾಖದಲ್ಲಿ ಒಣಗಿಸಿದೆ ಎಂದು ಫೋನು ಮಾಡಿದ. ಅವನ ದನಿಯಲ್ಲಿ ಮಗಳ ಮದುವೆ ಮುಗಿಸಿದವರ ನೆಮ್ಮದಿ ಇತ್ತು. ಯಾವ ನೀಲಿ ಎಂದು ಕೇಳಿದೆ. ಸ್ವಲ್ಪ ತಡೆದು, ಈ ವಾರ ಟ್ರಾಕ್ಟರ್ ಭಾಗಗಳ ಕೆಲಸ ನಡೆದಿದೆ ಭಾವ, ಗನ್ನಿನಲ್ಲಿ ಇದ್ದದ್ದು ಕಿತ್ತಳೆ ಎಂದ.

ಬಂದವನು ಎಲ್ಲರೆದುರು ಫ್ರೇಮನ್ನು ಬಾಗಿಸಿದ, ತಿರುಚಿದ, ಬೆರಳಿಗೆ ಸುತ್ತಿದ. ಟೇಪ್ ಪರೀಕ್ಷೆ ಮಾಡಿದ. ಚುಕ್ಕೆಯೂ ಏಳಲಿಲ್ಲ. ಸೊನ್ನೆ. ಹೆಂಡತಿ ಹತ್ತಿರ ಬಂದು ನೋಡಿ, "ಉಗುರುಬಣ್ಣ ತೆಗೆಯುವ ದ್ರಾವಣಕ್ಕಾದರೂ ಹೋಗುತ್ತದೆಯೇ?" ಎಂದು ಕೇಳಿದಳು. ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಅಕ್ಕ ಎಂದು ಅವನು ಎದೆಯುಬ್ಬಿಸಿದ.

ತಿರುಪಿನ ಬಳಿ ಒಂದಿಷ್ಟು ಹಚ್ಚಬೇಕಿತ್ತು. ಅದಕ್ಕೆಂದು ಪುಟ್ಟ ಡಬ್ಬಿಯಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿಯಾಗಿಸುವ ದ್ರವ ತಂದಿದ್ದ. ಎರಡನ್ನೂ ಒಮ್ಮೆ ಬೆರೆಸಿದರೆ ಕೆಲವು ಗಂಟೆಗಳಲ್ಲಿ ಕಲ್ಲಾಗುತ್ತದೆ, ಎತ್ತಿಡಲು ಬರುವುದಿಲ್ಲ ಎಂದ. ನಮ್ಮಮ್ಮನಿಗೆ ಇಷ್ಟು ಸಾಕು. ಒಂದು ತುತ್ತು ಅನ್ನ ಚೆಲ್ಲದವರು ಬಣ್ಣ ಚೆಲ್ಲುತ್ತಾರೆಯೇ? ಬಚ್ಚಲಿನ ಚಿಲಕ, ಈಳಿಗೆ ಮಣೆಯ ಕಾಲು, ಬೀಗದ ಕೈಗಳು, ಟಾರ್ಚು, ಕೊನೆಗೆ ದೊಡ್ಡಮ್ಮ ಮರೆತು ಹೋಗಿದ್ದ ಎಲೆ ಅಡಿಕೆಯ ಡಬ್ಬಿ. ಸಂಜೆಯ ಹೊತ್ತಿಗೆ ಮನೆಯಲ್ಲಿ ನನ್ನ ಮುಖಕ್ಕೆ ಹೊಂದುವ ಸಾಮಾನುಗಳು ಸಾಕಷ್ಟಾಗಿದ್ದವು. ಹೆಂಡತಿ ಇನ್ನೂ ಆ ಕನ್ನಡಕವನ್ನು ಒಪ್ಪಿಲ್ಲ. ಕರೆಂಟು ಹೋದಾಗ ಟಾರ್ಚ್ ಬೇಗ ಕಣ್ಣಿಗೆ ಬೀಳುತ್ತದೆ ಎಂದು ನಮ್ಮಮ್ಮ ಸಮಾಧಾನ ಹೇಳಲು ಹೋದರೆ, ಕತ್ತಲಲ್ಲಿ ಕಿತ್ತಳೆ ಯಾರಿಗೆ ಕಾಣುತ್ತದೆ ಎಂದು ಕೇಳುತ್ತಾಳೆ.