ಒಣಗ್ಲಿ ಮೇಡಂ

ಮೂರು ದಿನದಿಂದ ನಾನು ನಮ್ಮ ಹಾಲ್‌ನಲ್ಲಿ ಕೂರುತ್ತಿಲ್ಲ. ಅಡುಗೆಮನೆಗೆ ಹೋಗಬೇಕಾದರೂ ತಲೆ ತಗ್ಗಿಸಿ, ಸಾಲ ಕೊಟ್ಟವರ ಮನೆ ಮುಂದೆ ಹಾದುಹೋಗುವ ಹಾಗೆ ಬೇಗ ಬೇಗ ದಾಟುತ್ತೇನೆ. ಗೋಡೆಗೆ ಬಣ್ಣ ಹೊಡೆಸಿದ್ದೇವೆ. ಬಂಗಾರದ ಹಳದಿ. ಆರಿಸಿದ್ದು ನಾನೇ. ಅದೇ ದೊಡ್ಡ ಕಷ್ಟ, ಬೈಯೋಣ ಎಂದರೆ ಯಾರೂ ಸಿಗುತ್ತಿಲ್ಲ.

ಶೇಡ್ ಕಾರ್ಡ್‌ನಲ್ಲಿ ಅದು ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಚೌಕ. ಎಷ್ಟು ಸಾಧುವಾಗಿತ್ತು ಅಂತೀರಿ! ಪಕ್ಕದಲ್ಲೇ ಇನ್ನೂ ತಿಳಿಯಾದದ್ದು ಒಂದಿತ್ತು. "ಇದನ್ನು ಹೊಡೆಸಿದರೆ ಹೊಡೆಸಿದ್ದೇ ಗೊತ್ತಾಗಲ್ಲ" ಅಂದೆ. ಈಗ ಬೀದಿ ತುದಿಯವರಿಗೂ ಗೊತ್ತಾಗುತ್ತಿದೆ. ಕಾರ್ಡ್‌ನಲ್ಲಿ ಒಂಟಿಯಾಗಿ ತೆಪ್ಪಗಿದ್ದ ಹಳದಿ, ನಾಲ್ಕು ಗೋಡೆ ಸಿಕ್ಕ ಕೂಡಲೇ ಗುಂಪು ಕಟ್ಟಿಕೊಂಡಿದೆ. ಈ ಗೋಡೆಯ ಬೆಳಕು ಆ ಗೋಡೆಗೆ ಬಡಿಯುತ್ತದೆ, ಅಲ್ಲಿಂದ ಇನ್ನಷ್ಟು ಹಳದಿಯಾಗಿ ವಾಪಸ್ ಬರುತ್ತದೆ. ಮಧ್ಯೆ ನಾವು.

ಪೇಂಟರ್ ಒಳ್ಳೆಯವರೇ. ಆದರೆ ಅವರ ಬಾಯಲ್ಲಿ ಬರುವುದು ಎರಡೇ ಪದ, "ಒಣಗ್ಲಿ ಮೇಡಂ."

ಮೊದಲ ಕೋಟ್ ಆಯಿತು. "ಹಳೇ ನೀಲಿ ಕಾಣ್ತಿದೆಯಲ್ಲ?" "ಒಣಗ್ಲಿ ಮೇಡಂ." ಒಣಗಿತು. ಹಳೇ ನೀಲಿ ಈಗ ಹಸಿರಾಗಿ ಕಂಡಿತು. ಹಳದಿಗೆ ಗುಟ್ಟು ಮುಚ್ಚಿಡುವ ಬುದ್ಧಿ ಕಡಿಮೆ, ಕೆಳಗಿರುವುದನ್ನೆಲ್ಲ ಹೇಳಿಬಿಡುತ್ತದೆ. ಮೊದಲು ಬಿಳಿ ಪ್ರೈಮರ್ ಹೊಡೆಯಬೇಕಿತ್ತಂತೆ. ಇದನ್ನು ಅವರು ಹೇಳಿದ್ದು ಮೂರನೇ ಕೋಟ್ ಆದ ಮೇಲೆ. "ತುಂಬಾ ಕಣ್ಣಿಗೆ ಹೊಡೀತಿದೆ ಅಲ್ವಾ?" "ಒಣಗ್ಲಿ ಮೇಡಂ." ಸ್ವಿಚ್ ಬೋರ್ಡ್ ಮೇಲೆ ಬಣ್ಣ ಚೆಲ್ಲಿತು. ಒಣಗ್ಲಿ ಮೇಡಂ, ಆಮೇಲೆ ಕೆರೆದರೆ ಬರುತ್ತದೆ. ಮಧ್ಯಾಹ್ನ ಅವರಿಗೊಂದು ಫೋನ್ ಬಂತು. ಆ ಕಡೆಯಿಂದ ಯಾರೋ ಕೂಗಾಡುತ್ತಿದ್ದದ್ದು ನನಗೂ ಕೇಳಿಸಿತು. ಇವರು ಶಾಂತವಾಗಿ "ಒಣಗ್ಲಿ ಸಾರ್" ಅಂದು ಫೋನ್ ಇಟ್ಟರು. ಸಂಜೆ ನನ್ನ ಮೊಣಕೈ ಗೋಡೆಗೆ ತಾಗಿ ಹಳದಿಯಾಯಿತು. ಅವರು ಬಾಯಿ ತೆರೆಯುವ ಮೊದಲೇ ನಾನೇ ಹೇಳಿಬಿಟ್ಟೆ.

ನಿಜ ಏನೆಂದರೆ, ಎಮಲ್ಷನ್, ಅಂದರೆ ಗೋಡೆಗೆ ಹೊಡೆಯುವ ಈ ನೀರಿನ ಬಣ್ಣ, ಒಣಗಿದರೆ ತಿಳಿಯಾಗುವುದಿಲ್ಲ, ಗಾಢವಾಗುತ್ತದೆ! ಹಸಿಯಿದ್ದಾಗ ಅದರ ಅಂಟು ಬೆಳ್ಳಗೆ ಮಂಜು ಮಂಜಾಗಿರುತ್ತದೆ. ಒಣಗಿ ಪಾರದರ್ಶಕವಾದ ಮೇಲೆ ಒಳಗಿನ ಬಣ್ಣ ತನ್ನ ನಿಜರೂಪ ತೋರಿಸುತ್ತದೆ. ಇದು ಅವರಿಗೆ ಗೊತ್ತಿರಲಿಲ್ಲವೇ? ನನಗೆ ಅನುಮಾನವಿದೆ.

ರಾತ್ರಿ ನಮ್ಮ ಯಜಮಾನರು ಸ್ಟೂಲ್ ಹತ್ತಿ ಬಲ್ಬ್ ಬದಲಾಯಿಸಿದರು. 2700 ಕೆಲ್ವಿನ್‌ನ, ಅಂದರೆ ಹಳದಿ ಬೆಳಕಿನ, ಬಲ್ಬಿಗೆ ಗೋಡೆ ಕೇಸರಿಗೆ ತಿರುಗಿತು. 6500ರ ಬಿಳಿ ಬೆಳಕಿನದು ಹಾಕಿದರೆ ಹಸಿರು ಹಸಿರು. ಚಿತ್ರಕಾರ ಮೋನೆ ಕೂಡ ಫ್ರಾನ್ಸಿನ ಜಿವರ್ನಿಯ ತನ್ನ ಮನೆಯಲ್ಲಿ ಊಟದ ಕೋಣೆಗೆ ಪೂರ್ತಿ ಹಳದಿ ಹೊಡೆಸಿದ್ದ ಅಂತ ನಾನು ಸಮರ್ಥಿಸಿಕೊಂಡೆ. "ಅವನಿಗೆ ಕಣ್ಣಿನ ಪೊರೆ ಬಂದಿತ್ತು. 1923ರಲ್ಲಿ ಆಪರೇಷನ್ ಮಾಡಿಸಿಕೊಂಡ" ಅಂದರು ಸ್ಟೂಲ್ ಮೇಲಿಂದಲೇ. ಬೇರೆ ಯಾವ ತಾರೀಕೂ ನೆನಪಿರದ ಮನುಷ್ಯ!

ಪಕ್ಕದ ಮನೆಯವರು ಬಂದು ಕೂತರು. ಗೋಡೆ ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡಿ, ಮೆಲ್ಲಗೆ, "ರಕ್ತ ಪರೀಕ್ಷೆ ಮಾಡಿಸಿದ್ರಾ?" ಅಂದರು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅಂತಾರೆ. ನಮ್ಮ ಹಾಲ್‌ನಲ್ಲಿ ಅದಕ್ಕೆ ಕಾಮಾಲೆಯೇ ಬೇಕಿಲ್ಲ.

ಈ ಬಣ್ಣದ ಹುಚ್ಚು ಹತ್ತಿದ್ದಕ್ಕೆ ಒಂದು ಕಾರಣವಿದೆ. ಚಿಕ್ಕಂದಿನಲ್ಲಿ ನಮ್ಮ ಮನೆಯ ಒಂದು ಕೋಣೆ ಬಂಗಾರದ ಬಣ್ಣದ್ದಾಗಿತ್ತು. ಸ್ಕೂಲಿಂದ ಬಂದು ಚೀಲ ಬಿಸಾಕಿದರೆ, ಅಜ್ಜಿ ಆ ಗೋಡೆಗೆ ಒರಗಿ ಕೂತಿರುತ್ತಿದ್ದಳು, ಕನ್ನಡಕ ಮೂಗಿನ ತುದಿಗಿಳಿದಿರುತ್ತಿತ್ತು. ಅವಳ ಬಿಳಿ ಕೂದಲೂ ಬಂಗಾರವೇ. ಆ ಬಣ್ಣವೇ ನನಗೆ ಬೇಕಿತ್ತು. ನಿನ್ನೆ ಅಮ್ಮನಿಗೆ ಫೋನ್ ಮಾಡಿ, ಆ ಕೋಣೆಯ ಶೇಡ್ ಯಾವುದಿತ್ತು ಅಂತ ಕೇಳಿದೆ.

"ಅದು ಬಿಳಿ ಗೋಡೆ ಕಣೇ" ಅಂದಳು ಅಮ್ಮ. "ಸಂಜೆ ಬಿಸಿಲು ಬೀಳ್ತಿತ್ತಲ್ಲ."

ಸ್ವಲ್ಪ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ.

ಇವತ್ತು ಪೇಂಟರ್ ಮತ್ತೆ ಬಂದಿದ್ದಾರೆ. ಒಂದು ಗೋಡೆ ಹಳದಿ ಇರಲಿ, ಉಳಿದ ಮೂರಕ್ಕೆ ಆಫ್ ವೈಟ್ ಅಂತ ತೀರ್ಮಾನವಾಗಿದೆ. ಮೊದಲ ಗೋಡೆ ಈಗಷ್ಟೇ ಮುಗಿಯಿತು. ಹಳದಿಯ ಪಕ್ಕದಲ್ಲಿ ಅದು ತಿಳಿ ನೀಲಿಯಾಗಿ ಕಾಣುತ್ತಿದೆ. ನಾನು ಅವರ ಮುಖ ನೋಡಿದೆ. ಅವರು ರೋಲರ್ ಕೆಳಗಿಟ್ಟು, ಕೈ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡರು.