ಕುಗ್ಗಿಸದ ಚಿತ್ರಕ್ಕೆ ಹಿಗ್ಗಿಸುವ ಗಾಜೇಕೆ?

ಮನೆಯಲ್ಲೇ ಸಿನಿಮಾ ನೋಡಲೆಂದು ಮಹಡಿಯ ಕೋಣೆಯಲ್ಲಿ ಕಟ್ಟಿಸಿದ ಪರದೆಯ ಫೋಟೋವನ್ನು ಇಲ್ಲಿ ಹಾಕಿದಾಗಿನಿಂದ ಒಂದೇ ಪ್ರಶ್ನೆ ಬರುತ್ತಿದೆ: "ಇಷ್ಟೆಲ್ಲ ಮಾಡಿದವರು ಅನಾಮಾರ್ಫಿಕ್ ಲೆನ್ಸ್ ಏಕೆ ಹಾಕಿಸಲಿಲ್ಲ?" ಕೇಳುವವರ ದನಿಯಲ್ಲಿ, ಹೋಳಿಗೆ ಬಡಿಸಿ ತುಪ್ಪ ಮರೆತವನ ಮೇಲಿನ ಮರುಕ ಇರುತ್ತದೆ. ಪ್ರೊಜೆಕ್ಟರಿನ ಮುಂದೆ ಕೂತು ಚಿತ್ರವನ್ನು ಅಡ್ಡಕ್ಕೆ ಮಾತ್ರ ಹಿಗ್ಗಿಸುವ ಗಾಜು ಅದು. ಹಾಕಿಸಲಿಲ್ಲ, ಹಾಕಿಸುವುದೂ ಇಲ್ಲ. ಪ್ರೊಜೆಕ್ಟರಿನ ಜೂಮ್ ನನಗೆ ಸಾಕು. ಆದರೆ ಈ ಮಾತನ್ನು ಧೈರ್ಯವಾಗಿ ಹೇಳಲು ಒಂದೂವರೆ ವರ್ಷ ಹಿಡಿಯಿತು. ತುಮಕೂರಿನಿಂದ ಬೆಂಗಳೂರಿಗೆ ಐದಾರು ಸಲ ಓಡಾಡಿದೆ, ಒಂದು ಸಲ ಮೋಸ ಹೋಗುವುದರಲ್ಲಿದ್ದೆ, ಕೊನೆಗೆ ನನ್ನ ಸೋದರಮಾವ ಒಂದು ಪ್ರಶ್ನೆ ಕೇಳಿ ವಿಷಯ ಮುಗಿಸಿದರು.

ಮಾವ ಶಿರಾ ಕಡೆಯ ಟೂರಿಂಗ್ ಟಾಕೀಸೊಂದರಲ್ಲಿ, ಆಮೇಲೆ ತುಮಕೂರಿನ ಒಂದು ಚಿತ್ರಮಂದಿರದಲ್ಲಿ ಆಪರೇಟರ್ ಆಗಿದ್ದವರು. ಬೇಸಿಗೆ ರಜೆಯಲ್ಲಿ ಅವರ ಕ್ಯಾಬಿನ್ನಿನಲ್ಲಿ, ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿಯ ಸುಟ್ಟ ವಾಸನೆಯ ನಡುವೆ ಸ್ಟೂಲಿನ ಮೇಲೆ ಕುಳಿತು ನಾನು ಸಿನಿಮಾ ನೋಡಿದ್ದೇನೆ. ಮೊದಲು ವಾರ್ತಾಚಿತ್ರ, ಸೋಪಿನ ಜಾಹೀರಾತು. ಅವು ಓಡುವಾಗ ಪರದೆಯ ಎರಡೂ ಬದಿಗೆ ಕರಿಬಟ್ಟೆ ಮುಚ್ಚಿರುತ್ತಿತ್ತು. ಅವು ಮುಗಿದ ಮೇಲೆ ಮಾವ ಇದ್ದ ಲೆನ್ಸನ್ನು ತೆಗೆದು ಇನ್ನೊಂದು ದಪ್ಪ ಲೆನ್ಸ್ ಕೂರಿಸುತ್ತಿದ್ದರು; ಕೆಳಗೆ ಯಾರೋ ಹಗ್ಗ ಎಳೆಯುತ್ತಿದ್ದರು; ಬಟ್ಟೆ ಕಿರ್ರೆಂದು ಸರಿದು ಪರದೆ ಅಗಲವಾಗುತ್ತಾ ಹೋಗುತ್ತಿತ್ತು. ನಾಯಕ ಬರುವುದಕ್ಕೂ ಎಷ್ಟೋ ಮೊದಲು, ಬಟ್ಟೆ ಸರಿಯುವಾಗಲೇ ಶಿಳ್ಳೆ ಶುರುವಾಗುತ್ತಿತ್ತು. ನನ್ನ ಈ ಹುಚ್ಚಿನ ಮೂಲ ಅಲ್ಲಿದೆ.

ಮನೆಗೆ ಬಂದಾಗ ಇದು ತಲೆಕೆಳಗಾಗುತ್ತದೆ. ಟಿವಿ, ಪ್ರೊಜೆಕ್ಟರ್‌ಗಳ ಚೌಕಟ್ಟು 16:9, ಅಂದರೆ ಎತ್ತರ ಒಂದಾದರೆ ಅಗಲ 1.78. ಸ್ಕೋಪ್ ಎನ್ನುವ ಅಗಲ ಪರದೆಯ ಸಿನಿಮಾಗಳ ಅಗಲ ಅದೇ ಎತ್ತರಕ್ಕೆ 2.35 ಅಥವಾ 2.39. ಹಾಗಾಗಿ ಧಾರಾವಾಹಿ, ವಾರ್ತೆ, ಕ್ರಿಕೆಟ್ ಎಲ್ಲವೂ ಪರದೆ ತುಂಬ ಬರುತ್ತವೆ, ಅಗಲವಾಗಿ ಕಾಣಬೇಕಾದ ಸಿನಿಮಾ ಮಾತ್ರ ಮೇಲೆ ಕೆಳಗೆ ಕಪ್ಪುಪಟ್ಟಿಗಳ ನಡುವೆ ನಡು ಬಗ್ಗಿಸಿಕೊಂಡು ಬರುತ್ತದೆ. ಪ್ರೊಜೆಕ್ಟರ್ ಚಿತ್ರವನ್ನು ಚುಕ್ಕೆಗಳ ಸಾಲುಗಳಲ್ಲಿ ಮೂಡಿಸುತ್ತದೆ; 4ಕೆ ಮಾದರಿಯ 2160 ಸಾಲುಗಳಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 1630. ಉಳಿದ ಕಾಲು ಭಾಗ ಕಪ್ಪು ತೋರಿಸುವುದಕ್ಕೇ ಹೋಗುತ್ತದೆ.

ಇದನ್ನು ಸರಿಪಡಿಸಲು ಪರದೆಯನ್ನೇ ಸ್ಕೋಪ್ ಅಳತೆಗೆ ಕಟ್ಟಿಸಬೇಕು. ನನ್ನದು 108 ಅಂಗುಲ ಅಗಲ, 46 ಅಂಗುಲ ಎತ್ತರ. ಕ್ರಿಕೆಟ್ ಬಂದರೆ ನಡುವಿನ 82 ಅಂಗುಲದಲ್ಲಿ, ಸಿನಿಮಾ ಬಂದರೆ ಪೂರ್ತಿ ಅಗಲದಲ್ಲಿ. ಎರಡಕ್ಕೂ ಎತ್ತರ ಒಂದೇ. 82ರಿಂದ 108ಕ್ಕೆ ಹೋಗಲು ಎರಡು ದಾರಿಗಳಿವೆ. ಜೂಮ್ ಮಾಡಿ ಇಡೀ ಚಿತ್ರವನ್ನು 1.33 ಪಟ್ಟು ದೊಡ್ಡದು ಮಾಡುವುದು ಒಂದು. ಆಗ ಕಪ್ಪುಪಟ್ಟಿಗಳು ಪರದೆಯ ಆಚೆ, ಗೋಡೆಯ ಮೇಲೆ ಬೀಳುತ್ತವೆ. ಇನ್ನೊಂದರಲ್ಲಿ ಪ್ರೊಜೆಕ್ಟರ್ ಚಿತ್ರವನ್ನು ಉದ್ದುದ್ದಕ್ಕೆ ಎಳೆದು 2160 ಸಾಲುಗಳನ್ನೂ ತುಂಬಿಸುತ್ತದೆ. ಎಲ್ಲರ ಮುಖವೂ ಕುದುರೆ ಮುಖವಾಗುತ್ತದೆ. ಮುಂದೆ ಇಟ್ಟ ಅನಾಮಾರ್ಫಿಕ್ ಲೆನ್ಸ್ ಅದನ್ನು ಅಡ್ಡಕ್ಕೆ 1.33 ಪಟ್ಟು ಹಿಗ್ಗಿಸಿ ಮುಖಗಳನ್ನು ಮತ್ತೆ ಮನುಷ್ಯರದ್ದಾಗಿಸುತ್ತದೆ.

ಲೆನ್ಸ್ ಪಕ್ಷದವರ ದೊಡ್ಡ ಅಸ್ತ್ರ ಬೆಳಕು. ಲೆಕ್ಕ ಸುಳ್ಳಲ್ಲ. 82 ಅಂಗುಲದ ಚಿಕ್ಕ ಚಿತ್ರದಲ್ಲಿ ಒಂದು ಅಂಗೈಯಗಲ ಜಾಗಕ್ಕೆ ನೂರು ಪಾಲು ಬೆಳಕು ಬೀಳುತ್ತದೆ ಎಂದುಕೊಳ್ಳಿ. ಲೆನ್ಸ್ ಅಡ್ಡಕ್ಕೆ ಮಾತ್ರ ಹಿಗ್ಗಿಸುವುದರಿಂದ ಅದು 75 ಆಗುತ್ತದೆ. ಜೂಮ್ ಉದ್ದಕ್ಕೂ ಅಡ್ಡಕ್ಕೂ ಹಿಗ್ಗಿಸುವುದರಿಂದ 56ಕ್ಕೆ ಇಳಿಯುತ್ತದೆ. ಲೆನ್ಸಿನ ಚಿತ್ರ ಮೂರನೆಯ ಒಂದು ಪಾಲು ಹೆಚ್ಚು ಬೆಳಗಬೇಕು. ಆದರೆ ಇದು ಕಾಗದದ ಮೇಲಿನ ಲೆಕ್ಕ. ಗಾಜು ತಾನೂ ಸ್ವಲ್ಪ ಬೆಳಕು ನುಂಗುತ್ತದೆ. ಜೊತೆಗೆ ಅನೇಕ ಪ್ರೊಜೆಕ್ಟರ್‌ಗಳ ಜೂಮ್, ಚಿತ್ರವನ್ನು ದೊಡ್ಡದು ಮಾಡುವ ತುದಿಗೆ ಬಂದಷ್ಟೂ ಹೆಚ್ಚು ಬೆಳಕನ್ನು ಹೊರಬಿಡುತ್ತದೆ. ಎರಡೂ ಕಡೆಯಿಂದ ಅಂತರ ಸವೆಯುತ್ತದೆ. ಒಂಬತ್ತು ಅಡಿಯ ಪರದೆಗೆ ಉಳಿದ ವ್ಯತ್ಯಾಸ ದೊಡ್ಡದಲ್ಲ. ಹನ್ನೆರಡು, ಹದಿನಾಲ್ಕು ಅಡಿ ಪರದೆ ಕಟ್ಟುವವರಿಗೆ, ಎಚ್‌ಡಿಆರ್ ಎಂಬ ಹೆಚ್ಚು ಬೆಳಗುವ ಚಿತ್ರಗಳ ಹೊಳಪಿನ ಆಸೆಯಿರುವವರಿಗೆ ದೊಡ್ಡದೇ. ಅಂಥವರು ನನ್ನ ಮಾತು ಕೇಳಬೇಕಾಗಿಲ್ಲ. ಅಂಥ ಕೋಣೆ ಇರುವವರು ಹೇಗೂ ಯಾರ ಮಾತನ್ನೂ ಕೇಳುವುದಿಲ್ಲ.

ನೋಡದೆ ತೀರ್ಪು ಕೊಟ್ಟೆ ಎನ್ನಬೇಡಿ. ಬೆಂಗಳೂರಿನ ಗೆಳೆಯರೊಬ್ಬರು ಎರಡು ದಿನಕ್ಕೆಂದು ತಮ್ಮ ಪ್ರಿಸಂ ಲೆನ್ಸ್ (ಅನಾಮಾರ್ಫಿಕ್ ಲೆನ್ಸಿನ ಒಂದು ಬಗೆ) ಕೊಟ್ಟಿದ್ದರು. ಎಪ್ಪತ್ತು ಕಿಲೋಮೀಟರ್ ಹೆದ್ದಾರಿಯುದ್ದಕ್ಕೂ ಅದನ್ನು ಕಂಬಳಿಯಲ್ಲಿ ಸುತ್ತಿ, ಬಾಣಂತಿ ಮನೆಯಿಂದ ಕೂಸನ್ನು ತರುವವನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ಮೊದಲ ಹತ್ತು ನಿಮಿಷ ಸೋತುಹೋದೆ. ಬಿಳಿ ಪಂಚೆಯ ಬಿಳುಪು ಬೇರೆಯೇ ಇತ್ತು. ಆಮೇಲೆ ಅಕ್ಷರಗಳು ಬಂದವು. ಪರದೆಯ ಅಂಚಿನ ಹೆಸರುಗಳಿಗೆ ಒಂದು ಬದಿ ಕೆಂಪು, ಇನ್ನೊಂದು ಬದಿ ನೀಲಿ ಎಳೆ. ನಡುವನ್ನು ಹರಿತ ಮಾಡಿದರೆ ಅಂಚು ಮಸುಕು, ಅಂಚನ್ನು ಸರಿಮಾಡಿದರೆ ನಡು ಮಸುಕು. ನನ್ನ ಕೋಣೆಯಲ್ಲಿ ಪ್ರೊಜೆಕ್ಟರಿಗೂ ಪರದೆಗೂ ಹದಿಮೂರು ಅಡಿ ಅಂತರ. ಅಂತರ ಕಡಿಮೆಯಾದಷ್ಟೂ ಚಿತ್ರದ ಮೇಲಂಚು ಕೆಳಂಚುಗಳು ಬಿಲ್ಲಿನಂತೆ ಒಳಕ್ಕೆ ಬಾಗುತ್ತವೆ. ಅದನ್ನು ಮರೆಸಲು ಬಾಗಿದ ಪರದೆ ಕಟ್ಟಿಸುವವರೂ ಇದ್ದಾರಂತೆ. ಮೂಗಿಗಿಂತ ಮೂಗುತಿ ಭಾರ. ಒಳ್ಳೆಯ ಸಿಲಿಂಡರ್ ಗಾಜಿನ ಲೆನ್ಸ್‌ಗಳಲ್ಲಿ ಬಣ್ಣದ ಎಳೆಯ ಕಾಟ ಬಹಳ ಕಡಿಮೆ, ಆದರೆ ಅವುಗಳ ಬೆಲೆ ಕೇಳಿದ ಮೇಲೆ ನಾನು ಬೇರೇನನ್ನೂ ಕೇಳಲಿಲ್ಲ. ಆಮದು ಸುಂಕವೂ ಸೇರಿದರೆ ಲೆಕ್ಕ ಲಕ್ಷಗಳಲ್ಲೇ.

ಹಳೆಯದು ಸಿಗುತ್ತದೆಯೇ ಎಂದು ಹುಡುಕಿದ್ದೂ ಉಂಟು. ಅಂಗಡಿಯವರೊಬ್ಬರು "ಹೊಸದರಂತಿದೆ ಸಾರ್" ಎಂದು ತೋರಿಸಿದ ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. "ಅದು ಧೂಳು, ಒರೆಸಿದರೆ ಹೋಗುತ್ತದೆ" ಎಂದರು. ಒರೆಸಿ ತೋರಿಸಿ ಎಂದೆ. ಕಾಫಿ ತರಿಸಿದರು.

ಇಷ್ಟಾದರೂ ಆ ಪಂಚೆಯ ಬಿಳುಪು ತಲೆಯಿಂದ ಹೋಗಿರಲಿಲ್ಲ. ಯುಗಾದಿಗೆ ಮಾವ ಮನೆಗೆ ಬಂದಾಗ ಎಲ್ಲವನ್ನೂ ಹೇಳಿ, ಸಾಲ ಮಾಡಿಯಾದರೂ ಲೆನ್ಸ್ ತರಲೇ ಎಂದು ಕೇಳಿದೆ. ಅವರು ಎಲೆ ಅಡಿಕೆಗೆ ಸುಣ್ಣ ಹಚ್ಚುತ್ತಾ ಕೇಳಿದರು: "ಅಲ್ಲಯ್ಯ, ನಾವು ಸ್ಕೋಪ್ ಲೆನ್ಸ್ ಹಾಕುತ್ತಿದ್ದುದು ಫಿಲ್ಮಿನಲ್ಲೇ ಚಿತ್ರ ಕುಗ್ಗಿ ಬರುತ್ತಿತ್ತು ಎಂದು. ನಿನ್ನ ಡಿಸ್ಕಿನಲ್ಲಿ ಚಿತ್ರ ಕುಗ್ಗಿದೆಯೇನು?"

ಕುಗ್ಗಿಲ್ಲ. ಅಲ್ಲೇ ಇದೆ ವಿಷಯ. ಫ್ರಾನ್ಸಿನ ಆನ್ರಿ ಕ್ರೆಟಿಯೆನ್ 1920ರ ದಶಕದಲ್ಲಿ ರೂಪಿಸಿದ ಈ ಗಾಜನ್ನು ಹಾಲಿವುಡ್ 1953ರಲ್ಲಿ ಸಿನಿಮಾಸ್ಕೋಪ್ ಎಂಬ ಹೆಸರಿನಲ್ಲಿ ಬಳಕೆಗೆ ತಂದದ್ದು 35 ಮಿಲಿಮೀಟರ್ ಫಿಲ್ಮಿನ ಅಗಲವನ್ನು ಹೆಚ್ಚಿಸುವಂತಿರಲಿಲ್ಲ ಎಂಬ ಕಾರಣಕ್ಕೆ. ಕ್ಯಾಮೆರಾದ ಲೆನ್ಸ್ ಅಗಲವಾದ ನೋಟವನ್ನು ಅಡ್ಡಕ್ಕೆ ಅರ್ಧಕ್ಕೆ ಹಿಂಡಿ ಫಿಲ್ಮಿಗಿಳಿಸುತ್ತಿತ್ತು, ಟಾಕೀಸಿನ ಲೆನ್ಸ್ ಅದನ್ನು ಎರಡು ಪಟ್ಟು ಬಿಡಿಸುತ್ತಿತ್ತು. 1959ರಲ್ಲಿ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಕಾಗಜ್ ಕೇ ಫೂಲ್'ಗೆ ಕ್ಯಾಮೆರಾ ಹಿಡಿದಾಗ ನಡೆದದ್ದೂ ಅದೇ. ಅಲ್ಲಿ ಹಿಂಡಿದ್ದಕ್ಕೆ ಫಲವಿತ್ತು. ಫಿಲ್ಮಿನ ಮೇಲೆ ನಿಜವಾಗಿಯೂ ಹೆಚ್ಚು ವಿವರ ಕೂರುತ್ತಿತ್ತು. ನಮ್ಮ ಡಿಸ್ಕುಗಳಲ್ಲಿ, ಒಟಿಟಿಯಲ್ಲಿ ಬರುವ ಸ್ಕೋಪ್ ಚಿತ್ರ ಕಪ್ಪುಪಟ್ಟಿ ಸಮೇತ ನೇರವಾಗಿಯೇ ಇರುತ್ತದೆ. ಇರುವ 1630 ಸಾಲನ್ನು ಪ್ರೊಜೆಕ್ಟರ್ 2160ಕ್ಕೆ ಎಳೆದರೆ ನಡುವಿನ ಸಾಲುಗಳು ಅದರ ಊಹೆಯವು. ಹಾಲಿಗೆ ನೀರು ಬೆರೆಸಿದರೆ ಲೋಟ ತುಂಬುತ್ತದೆ, ಕೆನೆ ಹೆಚ್ಚುವುದಿಲ್ಲ. 1080 ಸಾಲಿನ ಕಾಲದಲ್ಲಿ ಜೂಮ್ ಮಾಡಿದರೆ ಚುಕ್ಕೆಗಳು ಎದ್ದು ಕಾಣುತ್ತಿದ್ದವು, ಲೆನ್ಸಿಗೆ ಆ ವಾದವಾದರೂ ಇತ್ತು. 4ಕೆ ಬಂದ ಮೇಲೆ ಮೂರು ಮೀಟರ್ ದೂರ ಕುಳಿತವನಿಗೆ ಚುಕ್ಕೆ ಎಲ್ಲಿ ಕಾಣಬೇಕು?

ಆಮೇಲೆ ಓದಿ ನೋಡಿದರೆ ಡಿಜಿಟಲ್ ಚಿತ್ರಮಂದಿರಗಳೇ ಈ ದಾರಿ ಹಿಡಿದಿವೆ. ಅಲ್ಲಿನ 4ಕೆ ಸ್ಕೋಪ್ ಚಿತ್ರದ ಅಳತೆ 4096 ಚುಕ್ಕೆ ಅಡ್ಡ, 1716 ಉದ್ದ, ಸಾಮಾನ್ಯ 1.85 ಅಳತೆಯ ಚಿತ್ರಕ್ಕೆ ಅದೇ ಉದ್ದ 2160. ಅಂದರೆ ಸ್ಕೋಪಿಗೆ ಅಲ್ಲೂ ಸಾಲುಗಳು ಕಡಿಮೆ. ಬಹುತೇಕ ಕಡೆ ಮೋಟಾರ್ ಜೂಮ್ ತಿರುಗಿಸಿ ಪರದೆ ತುಂಬಿಸುತ್ತಾರೆ. ಟಾಕೀಸಿನವರೇ ಕೆಳಗಿಟ್ಟ ಗಾಜನ್ನು ನಾನು ತಲೆಯ ಮೇಲೆ ಹೊರಲು ಹೊರಟಿದ್ದೆ.

ಜೂಮಿನಲ್ಲಿ ಕಾಟವಿಲ್ಲವೇ? ಇದೆ. ಪ್ರೊಜೆಕ್ಟರಿನ ಕಪ್ಪು ನಿಜವಾದ ಕಪ್ಪಲ್ಲ, ಬೂದು. ದೊಡ್ಡದಾದ ಚಿತ್ರದ ಎತ್ತರ 61 ಅಂಗುಲವಾಗುವುದರಿಂದ ಪರದೆಯ ಮೇಲೂ ಕೆಳಗೂ ಏಳೂವರೆ ಅಂಗುಲದ ಬೂದುಪಟ್ಟಿ ನನ್ನ ಸುಣ್ಣದ ಗೋಡೆಯ ಮೇಲೆ ಮಿಣುಕುತ್ತಿತ್ತು. ಚಿಕ್ಕಪೇಟೆಗೆ ಹೋಗಿ ಹನ್ನೆರಡು ಮೀಟರ್ ಕಪ್ಪು ವೆಲ್ವೆಟ್ ಕೇಳಿದೆ. ಅಂಗಡಿಯವರು ಅಳೆಯುತ್ತಾ, "ಯಾವ ಊರಿನಲ್ಲಿ ಸ್ವಾಮಿ ನಾಟಕ? ಕುರುಕ್ಷೇತ್ರವೋ?" ಎಂದರು. ನಮ್ಮ ಜಿಲ್ಲೆಯಲ್ಲಿ ಇಷ್ಟು ವೆಲ್ವೆಟ್ ಕೊಳ್ಳುವವನಿಗೆ ಬೇರೆ ಕಾರಣ ಇರಲಾರದು. ಹೌದು, ದುರ್ಯೋಧನನ ಪಾತ್ರ ಎಂದೆ. ಆ ಬಟ್ಟೆಯನ್ನು ಪರದೆಯ ಸುತ್ತ ಹೊಡೆದ ಮೇಲೆ ಬೂದುಪಟ್ಟಿ ಅದರೊಳಗೆ ಮುಳುಗಿಹೋಯಿತು. ಕಿಟಕಿಗೆ ದಪ್ಪ ಪರದೆ, ಎದುರು ಗೋಡೆಗೆ ಗಾಢ ಬಣ್ಣ ಬಂದ ಮೇಲಂತೂ ಚಿತ್ರಕ್ಕೆ ಹೊಸ ಕಳೆ ಬಂತು. ಎಲ್ಲ ಸೇರಿ ಖರ್ಚು ಹಳೆಯ ಲೆನ್ಸಿನ ಬೆಲೆಯ ಹತ್ತಿರಕ್ಕೂ ಹೋಗಲಿಲ್ಲ.

ಎರಡನೆಯ ಕಾಟ ತಿರುಗಿಸುವುದು. ಕೈಯಲ್ಲಿ ಜೂಮ್, ಫೋಕಸ್, ಚಿತ್ರವನ್ನು ಮೇಲೆ ಕೆಳಗೆ ಸರಿಸುವ ಶಿಫ್ಟ್, ಈ ಮೂರನ್ನೂ ಪ್ರತಿ ಸಲ ಹೊಂದಿಸುತ್ತಾ ಕುಳಿತರೆ ತಿಂಗಳೊಳಗೆ ವೈರಾಗ್ಯ ಬರುತ್ತದೆ. ಈ ಹೊಂದಾಣಿಕೆಗಳನ್ನು ನೆನಪಿಟ್ಟುಕೊಳ್ಳುವ ಲೆನ್ಸ್ ಮೆಮೊರಿ ಇರುವ ಪ್ರೊಜೆಕ್ಟರ್ ಬೇಕು. ಪ್ಯಾನಾಸೋನಿಕ್ 2008ರಲ್ಲಿ ಎಇ3000 ಮಾದರಿಯಲ್ಲಿ ಈ ಸೌಲಭ್ಯ ಕೊಟ್ಟ ಮೇಲೆ ಬೇರೆಯವರೂ ತಂದರು. ಒಂದು ಗುಂಡಿಗೆ ಕ್ರಿಕೆಟ್, ಇನ್ನೊಂದಕ್ಕೆ ಸಿನಿಮಾ. ಪ್ರತಿ ಸಲವೂ ಕರಾರುವಾಕ್ಕಾಗಿ ಅದೇ ಜಾಗಕ್ಕೆ ಬರುವುದಿಲ್ಲ, ಬೆರಳಗಲ ಆಚೀಚೆ ಆಗುತ್ತದೆ, ವೆಲ್ವೆಟ್ ಅದನ್ನೂ ಮುಚ್ಚುತ್ತದೆ. ಕೊಳ್ಳುವ ಮೊದಲು ಒಂದು ವಿಷಯ ನೋಡಿಕೊಳ್ಳಿ: ಜೂಮ್ ಕನಿಷ್ಠ 1.33 ಪಟ್ಟಾದರೂ ಇರಬೇಕು. ಅಗ್ಗದ ಪ್ರೊಜೆಕ್ಟರ್‌ಗಳಲ್ಲಿ ಅನೇಕವು 1.1, 1.2ಕ್ಕೇ ಸುಸ್ತಾಗುತ್ತವೆ. ಅವುಗಳನ್ನು ಕೊಂಡವರಿಗೆ ಈ ಚರ್ಚೆಯೇ ಇಲ್ಲ.

ಸಬ್‌ಟೈಟಲ್ ಕಾಟಕ್ಕೆ ಮಾತ್ರ ಎರಡೂ ಪಕ್ಷದಲ್ಲಿ ಮದ್ದಿಲ್ಲ. ನನ್ನ ಹೆಂಡತಿ ಮಲಯಾಳಂ ಚಿತ್ರಗಳ ಭಕ್ತೆ. ಒಟಿಟಿಯವರು ಅಕ್ಷರಗಳನ್ನು ಕೆಳಗಿನ ಕಪ್ಪುಪಟ್ಟಿಯಲ್ಲಿ ಕೂರಿಸಿದರೆ ಜೂಮಿನಲ್ಲಿ ಅವು ವೆಲ್ವೆಟ್ಟಿಗೆ ಬಲಿ, ಲೆನ್ಸಿನಲ್ಲಿ ಚೌಕಟ್ಟಿನಾಚೆ ಮಾಯ. ಕೆಲವು ಪ್ಲೇಯರ್‌ಗಳಲ್ಲಿ ಅಕ್ಷರವನ್ನು ಮೇಲಕ್ಕೆತ್ತಬಹುದು. ಆಗದಿದ್ದರೆ ಆ ರಾತ್ರಿ ಚಿಕ್ಕ ಚಿತ್ರವೇ ಗತಿ.

ಮಗನ ದೂರು ಬೇರೆ. "ಅಪ್ಪ, ಕ್ರಿಕೆಟ್ ಚಿಕ್ಕದಾಯಿತು." ಅವನ ಮಾತಿನಲ್ಲಿ ಹುರುಳಿದೆ. ನಮ್ಮೂರಿನ ಮನೆಗಳ ಕೋಣೆಗಳಲ್ಲಿ ಸಾಮಾನ್ಯವಾಗಿ ಅಡ್ಡಿಯಾಗುವುದು ಅಗಲ. ಅಷ್ಟೇ ಅಗಲದ 16:9 ಪರದೆ ಕಟ್ಟಿದರೆ ಸಿನಿಮಾ ಇಷ್ಟೇ ದೊಡ್ಡದಾಗಿ ಬರುತ್ತದೆ, ಕ್ರಿಕೆಟ್ ಇನ್ನೂ ದೊಡ್ಡದಾಗುತ್ತದೆ, ಲೆನ್ಸೂ ಬೇಡ ಜೂಮೂ ಬೇಡ. ನನ್ನ ಕೋಣೆಯಲ್ಲಿ ಸಜ್ಜಾ ಅಡ್ಡ ಬಂದು ಎತ್ತರ ಸಿಗಲಿಲ್ಲ ಎಂದು ಅವನಿಗೆ ಹೇಳಿದ್ದೇನೆ. ಸಜ್ಜಾ ಇಲ್ಲದಿದ್ದರೂ ಸ್ಕೋಪ್ ಪರದೆಯನ್ನೇ ಕಟ್ಟಿಸುತ್ತಿದ್ದೆ ಎಂಬುದನ್ನು ಅವನಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಕಳೆದ ಭಾನುವಾರ ಎಲ್ಲವೂ ಮುಗಿದ ಮೇಲೆ ಮಾವನನ್ನು ಕರೆತಂದು ನಡುವಿನ ಕುರ್ಚಿಯಲ್ಲಿ ಕೂರಿಸಿ ರಿಮೋಟ್ ಕೈಗಿಟ್ಟೆ. ಗುಂಡಿ ಒತ್ತಿದರು. ಮೋಟಾರ್ ಗುಂಯ್ ಎಂದಿತು, ಚಿತ್ರ ಎರಡೂ ಬದಿಗೆ ಬೆಳೆಯುತ್ತಾ ಬೆಳೆಯುತ್ತಾ ಪರದೆಯ ಅಂಚು ಮುಟ್ಟಿ ನಿಂತಿತು. ಮತ್ತೆ ಚಿಕ್ಕದು ಮಾಡಿದರು, ಮತ್ತೆ ದೊಡ್ಡದು. ಮೂರನೆಯ ಸಲಕ್ಕೆ ನನ್ನ ಕಡೆ ತಿರುಗಿ ಕೇಳಿದರು: "ಎಲ್ಲ ಸರಿ. ಬಟ್ಟೆ ಸರಿಯಬೇಕಲ್ಲ, ಬಟ್ಟೆ ಎಲ್ಲಿ?"

ನಾಳೆ ಮತ್ತೆ ಚಿಕ್ಕಪೇಟೆಗೆ ಹೋಗಬೇಕು. ಎರಡು ಬದಿಗೆ ಆರು ಮೀಟರ್, ಒಂದು ರಾಟೆ, ಹಗ್ಗ.