ಅಟ್ಟದ ಮೇಲಿರುವ ಪ್ಲೇಸ್ಟೇಷನ್ ಕೆಳಗಿಳಿಸಿ

ಮಗ ಕಾಲೇಜಿಗೆ ಹೋದ, ಇನ್ನು ಆಟ ಆಡುವವರು ಯಾರೂ ಇಲ್ಲ, ಹಳೇ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4) ಮಾರಿಬಿಡೋಣ ಅಂತ ನಮ್ಮ ಬಳಗದಲ್ಲಿ ಈಚೆಗೆ ಕೆಲವರು ಕೇಳಿದರು. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. ಮಾರಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೇಳುವ ರೇಟು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದರ ಬದಲು ಹಾಲ್‌ನಲ್ಲಿ ಟಿವಿ ಕೆಳಗೇ ಇಡಿ. ಕಂಪ್ಯೂಟರ್‌ನಲ್ಲಿ, ಹಾರ್ಡ್ ಡಿಸ್ಕ್‌ನಲ್ಲಿ ಯಾರೂ ನೋಡದೆ ಬಿದ್ದಿರುವ ಮನೆಯ ವಿಡಿಯೋ, ಫೋಟೋ, ಹಾಡುಗಳನ್ನೆಲ್ಲ ಟಿವಿಗೆ ತಲುಪಿಸುವ ಕೆಲಸವನ್ನು ಅದಕ್ಕೆ ವಹಿಸಿ.

ಆದರೆ ಬರೀ ಈ ಕೆಲಸಕ್ಕೆ ಅಂತ ಹೊಸ ಕನ್ಸೋಲ್, ಅಂದರೆ ಟಿವಿಗೆ ಚುಚ್ಚಿ ಗೇಮ್ ಆಡುವ ಡಬ್ಬ, ಕೊಳ್ಳಲು ಹೊರಟಿದ್ದರೆ ಅಷ್ಟೇ ಜೋರಾಗಿ ಬೇಡ ಅನ್ನುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

"ಗೇಮ್ ಆಡೋ ಡಬ್ಬದಲ್ಲಿ ಮದುವೆ ವಿಡಿಯೋ ನೋಡ್ತೀರಾ?" ಅಂತ ನಗುವವರಿಗೆ ಸ್ವಲ್ಪ ಹಳೇ ಕಥೆ. 2000ದಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ 2 ಬಂದಾಗ ಎಷ್ಟೋ ಮಂದಿ ಅದನ್ನು ಕೊಂಡದ್ದೇ ಡಿವಿಡಿ ನೋಡಲು. 2006ರ ಪಿಎಸ್3 ಬ್ಲೂ-ರೇ ಕಾಲದಲ್ಲಿ ಅದೇ ಕೆಲಸ ಮಾಡಿತು. 2013ರಲ್ಲಿ ಮೈಕ್ರೋಸಾಫ್ಟ್‌ನ ಗೇಮ್ ಡಬ್ಬ ಎಕ್ಸ್‌ಬಾಕ್ಸ್ ಒನ್ ಬಂದಾಗ ಸೆಟ್ ಟಾಪ್ ಬಾಕ್ಸ್‌ನ ವೈರನ್ನು ಕನ್ಸೋಲ್‌ಗೇ ಚುಚ್ಚುವ ವ್ಯವಸ್ಥೆ ಇತ್ತು. ಅದನ್ನು ಪರಿಚಯಿಸುವ ಸಮಾರಂಭದಲ್ಲಿ ಆಟಕ್ಕಿಂತ ಟಿವಿ ಮಾತೇ ಜಾಸ್ತಿಯಾಗಿ ಆಟಗಾರರ ಕೈಲಿ ಬೈಸಿಕೊಂಡರು, ಅದು ಬೇರೆ ವಿಷಯ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಇವತ್ತು ಆಂಡ್ರಾಯ್ಡ್ ಬಾಕ್ಸ್, ಲ್ಯಾಪ್‌ಟಾಪ್ ಎಲ್ಲದರಲ್ಲೂ ಓಡುವ, ವಿಡಿಯೋ-ಹಾಡು ಹಾಕುವ ಕೋಡಿ ಅನ್ನುವ ಉಚಿತ ಸಾಫ್ಟ್‌ವೇರ್ ಗೊತ್ತಲ್ಲ? ಅದು ಹುಟ್ಟಿದ್ದೇ ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ ಮೇಲೆ. ಕನ್ಸೋಲ್‌ನ ಬೀಗ ಮುರಿದ ಹವ್ಯಾಸಿಗಳು ಸೇರಿ ಬರೆದದ್ದು. ಆಗಿನ ಹೆಸರು ಎಕ್ಸ್‌ಬಿಎಂಸಿ, ಅಂದರೆ ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್. 2014ರಲ್ಲಿ ಕೋಡಿ ಆಯಿತು. ಇದೇ ಥರದ ಪ್ಲೆಕ್ಸ್ ಅನ್ನುವ ಸಾಫ್ಟ್‌ವೇರ್ ಕೂಡ ಅದರಿಂದಲೇ ಕವಲೊಡೆದದ್ದು. ಯೂನಿವರ್ಸಲ್ ಮೀಡಿಯಾ ಸರ್ವರ್ ಅನ್ನುವ ಇನ್ನೊಂದಿದೆ, ಅದರ ಮೂಲ ಪಿಎಸ್3 ಮೀಡಿಯಾ ಸರ್ವರ್. ಅಂದರೆ ಮನೆಯೊಳಗಿನ ಸ್ಟ್ರೀಮಿಂಗ್ ಅಂತ ಇವತ್ತು ಏನೇನು ಇದೆಯೋ ಅದರಲ್ಲಿ ಅರ್ಧದಷ್ಟು ಬೆಳೆದದ್ದು ಗೇಮ್ ಡಬ್ಬದ ನೆರಳಿನಲ್ಲೇ.

ಕೆಲಸ ಮಾಡುವ ರೀತಿ ಸುಲಭ. ಮನೆಯ ಕಂಪ್ಯೂಟರ್‌ನಲ್ಲಿ ಒಂದು ಸರ್ವರ್ ಸಾಫ್ಟ್‌ವೇರ್ ಹಾಕಿ ಫೋಲ್ಡರ್ ತೋರಿಸುತ್ತೀರಿ. ಕನ್ಸೋಲ್ ಅದೇ ರೂಟರ್‌ಗೆ ಸೇರಿಕೊಂಡಿರುತ್ತದೆ. ಎರಡೂ ಡಿಎಲ್‌ಎನ್‌ಎ ಅನ್ನುವ ಪದ್ಧತಿಯಲ್ಲಿ ಮಾತಾಡಿಕೊಳ್ಳುತ್ತವೆ. ಪಿಎಸ್4ಗೆ ಮೀಡಿಯಾ ಪ್ಲೇಯರ್ ಅನ್ನುವ ಉಚಿತ ಆ್ಯಪ್ ಇದೆ. 2013ರಲ್ಲಿ ಕನ್ಸೋಲ್ ಬಂದಾಗ ಇರಲಿಲ್ಲ, ಜನ ಗಲಾಟೆ ಮಾಡಿದ ಮೇಲೆ 2015ರಲ್ಲಿ ಕೊಟ್ಟರು. ಎಕ್ಸ್‌ಬಾಕ್ಸ್ ಇದ್ದವರಂತೂ ಇನ್ನೂ ಅದೃಷ್ಟವಂತರು. ಕೋಡಿ, ವಿಎಲ್‌ಸಿ, ಪ್ಲೆಕ್ಸ್, ಜೆಲ್ಲಿಫಿನ್ ಎಲ್ಲಕ್ಕೂ ಅದರಲ್ಲಿ ಆ್ಯಪ್ ಇದೆ. ಸರ್ವರ್‌ಗೆ ನನ್ನ ಓಟು ಜೆಲ್ಲಿಫಿನ್‌ಗೆ. ಪೂರ್ತಿ ಉಚಿತ, ಯಾರ ಹತ್ತಿರವೂ ಅಕೌಂಟ್ ಮಾಡಿಸುವ ರಗಳೆ ಇಲ್ಲ. ಪಿಎಸ್4ಗೆ ಅದರ ಆ್ಯಪ್ ಇಲ್ಲ, ಆದರೆ ಸರ್ವರ್‌ಗೆ ಡಿಎಲ್‌ಎನ್‌ಎ ಪ್ಲಗಿನ್ ಹಾಕಿಕೊಂಡರೆ ಮೀಡಿಯಾ ಪ್ಲೇಯರ್‌ನಲ್ಲಿ ಕಾಣಿಸುತ್ತದೆ.

ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಫೈಲು ನಿಮ್ಮ ಕಂಪ್ಯೂಟರ್‌ನಿಂದ ಹೊರಟು, ನಿಮ್ಮ ರೂಟರ್ ದಾಟಿ, ನಿಮ್ಮ ಟಿವಿಗೇ ಬರುತ್ತದೆ. ಮನೆ ಬಾಗಿಲು ದಾಟುವುದೇ ಇಲ್ಲ. ನಮ್ಮ ತುಮಕೂರಲ್ಲಿ ಯಾರಾದರೂ ರಸ್ತೆ ಅಗೆದರೆ ಮೊದಲು ಕಟ್ ಆಗುವುದು ಕೇಬಲ್ಲೇ ಅಲ್ವಾ? ಬೀದಿಯವರೆಲ್ಲ "ನಿಮ್ಮನೇಲಿ ನೆಟ್ ಬರ್ತಿದ್ಯಾ?" ಅಂತ ಒಬ್ಬರನ್ನೊಬ್ಬರು ಕೇಳುತ್ತಿರುವ ಹೊತ್ತಿನಲ್ಲೂ ನಮ್ಮ ಟಿವಿ ಆರಾಮಾಗಿ ಓಡುತ್ತಿರುತ್ತದೆ.

ತಂಟೆ ಬರುವುದು ಎರಡು ಕಡೆ. ಒಂದು ವೈಫೈ. ಮೊದಲ ಮಾದರಿಯ ಪಿಎಸ್4ಗೆ 5 ಗಿಗಾಹರ್ಟ್ಸ್ ವೈಫೈ ಹಿಡಿಯಲು ಬರುವುದಿಲ್ಲ, 2.4 ಮಾತ್ರ. ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ ಕಿರುಚುತ್ತಿರುವುದು ಅದರ ಮೇಲೇ. ಪಿಎಸ್3 ಅಂತೂ ಇನ್ನೂ ಹಳೇ ವೈಫೈ, ಲೆಕ್ಕಕ್ಕೆ 54 ಎಂಬಿಪಿಎಸ್, ಕೈಗೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ಹಳೇ ಸಿನಿಮಾಗೆ ಸಾಕು, ಬ್ಲೂ-ರೇ ಗುಣಮಟ್ಟದ ಫೈಲ್‌ಗೆ ಸಾಲದು, ಅದು 40ರವರೆಗೂ ಕೇಳುತ್ತದೆ. ಪರಿಹಾರ ಬೇರೇನಿಲ್ಲ, ಒಂದು ಲ್ಯಾನ್ ಕೇಬಲ್. ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಗೋಡೆ ಅಂಚಿನಲ್ಲಿ ಕ್ಲಿಪ್ ಹೊಡೆದು ಎಳೆದುಬಿಡಿ. ಮನೆಯವರು ಗೋಡೆ ಹಾಳಾಯ್ತು ಅಂತ ಅನ್ನುತ್ತಾರೆ, ಅದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ. ಹಾಗೇ ರೂಟರ್‌ನಲ್ಲಿ ಎಪಿ ಐಸೊಲೇಷನ್ ಅನ್ನುವ ಸೆಟಿಂಗ್ ಆನ್ ಆಗಿದ್ದರೆ ವೈಫೈ ಮೇಲಿರುವ ಸಾಧನಗಳು ಒಂದಕ್ಕೊಂದು ಕಾಣಿಸುವುದೇ ಇಲ್ಲ. ನೆಟ್‌ನವರು ಹಾಕಿಕೊಟ್ಟು ಹೋದ ರೂಟರ್‌ನಲ್ಲಿ ಇದನ್ನೊಮ್ಮೆ ನೋಡಿಕೊಳ್ಳಿ.

ಎರಡನೆಯದು ಫೈಲಿನ ಜಾತಿ. ಎಂಕೆವಿ ಅನ್ನುವ ಬಗೆಯ ವಿಡಿಯೋ ಫೈಲನ್ನು ಪಿಎಸ್3 ಮುಟ್ಟುವುದಿಲ್ಲ. ಪಿಎಸ್4 ಮುಟ್ಟುತ್ತದೆ. ಆದರೆ ಈಗಿನ ಫೋನುಗಳು ಜಾಗ ಉಳಿಸಲು ಎಚ್‌ಇವಿಸಿ ಅನ್ನುವ ಹೊಸ ಬಗೆಯಲ್ಲಿ ವಿಡಿಯೋ ತೆಗೆಯುತ್ತವೆ, ಅದು ಪಿಎಸ್4ನ ಮೀಡಿಯಾ ಪ್ಲೇಯರ್‌ಗೆ ಅರ್ಥವಾಗುವುದಿಲ್ಲ. ಆಗ ಸರ್ವರ್ ಆ ಫೈಲನ್ನು ಓಡುತ್ತಿರುವಾಗಲೇ ಹಳೇ ಬಗೆಗೆ ಬದಲಿಸಿ ಕಳಿಸಬೇಕು. ಕಂಪ್ಯೂಟರ್ ಹಳೆಯದಾಗಿದ್ದರೆ ಏದುಸಿರು ಬಿಡುತ್ತದೆ, ಮಗುವಿನ ಬರ್ತ್‌ಡೇ ಕೇಕಿಗೆ ಚಾಕು ಇಟ್ಟ ಕಡೆಯೇ ಚಿತ್ರ ನಿಂತುಬಿಡುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ರಾತ್ರಿ ಹಾಕಿ ಮಲಗಿ. ಬೆಳಿಗ್ಗೆ ಏಳುವ ಹೊತ್ತಿಗೆ ಎಚ್.264 ಅನ್ನುವ ಹಳೇ ಬಗೆಯ ಎಂಪಿ4 ಫೈಲ್ ಆಗಿರುತ್ತದೆ. ಅದನ್ನು ಯಾವ ಡಬ್ಬವೂ ಬೇಡ ಅನ್ನುವುದಿಲ್ಲ.

ಇಷ್ಟೆಲ್ಲ ಒದ್ದಾಟ ಯಾಕೆ, ಓಟಿಟಿ ಇಲ್ವಾ ಅನ್ನುತ್ತೀರಿ. ಇದೆ. ನಾನೂ ನೋಡುತ್ತೇನೆ. ಆದರೆ ನಮ್ಮ ಅಕ್ಕನ ಮದುವೆ ಯಾವ ಓಟಿಟಿಯಲ್ಲಿದೆ ಹೇಳಿ?

ಗುಬ್ಬಿಯ ಒಂದು ಛತ್ರದಲ್ಲಿ ಆದ ಮದುವೆ ಅದು. ವಿಎಚ್‌ಎಸ್ ಕ್ಯಾಸೆಟ್ ಕಾಲ. ಆಮೇಲೆ ಸ್ಟುಡಿಯೋದವರು ಡಿವಿಡಿ ಮಾಡಿಕೊಟ್ಟರು. ಆ ಡಿವಿಡಿ ಗೀರು ಬಿದ್ದು ಧಾರೆ ಹೊತ್ತಿಗೆ ಸರಿಯಾಗಿ ಸಿಕ್ಕಿಕೊಳ್ಳುತ್ತಿತ್ತು. ಅದು ಪೂರ್ತಿ ಕೆಡುವ ಮೊದಲು ಕಂಪ್ಯೂಟರ್‌ಗೆ ಹತ್ತಿಸಿ, ಫೈಲ್ ಮಾಡಿ, ಟಿವಿಯಲ್ಲಿ ಹಾಕಿದೆ. ಕ್ಯಾಮೆರಾದವನು ಎರಡೂ ಕಡೆಯವರನ್ನು ಹೃದಯದಾಕಾರದ ಚೌಕಟ್ಟಿನಲ್ಲಿ ಕೂರಿಸಿದ್ದಾನೆ. ಒಂದು ದೃಶ್ಯ ಹೋಗಿ ಇನ್ನೊಂದು ಬರುವಾಗ ನಕ್ಷತ್ರ ಸಿಡಿಯುತ್ತದೆ. ಓಲಗದ ಸದ್ದು ತೆಗೆದು ಅದರ ಮೇಲೆ ಸಿನಿಮಾ ಹಾಡು ಹಾಕಿದ್ದಾನೆ. ಆದರೆ ಊಟದ ಪಂಕ್ತಿಗೆ ಬಂದಾಗ ಹಾಡು ಮುಗಿದು ನಿಜವಾದ ಸದ್ದು ಕೇಳುತ್ತದೆ. ಹಿಂದೆ ಜನರೇಟರ್ ಗುಡುಗುಡು ಅನ್ನುತ್ತಿದೆ. ನಮ್ಮಜ್ಜಿ ಬಡಿಸುವವನಿಗೆ "ಲೋ, ಆ ಮೂಲೆಗೆ ಪಾಯಸ ಬಂದೇ ಇಲ್ಲ ಕಣೋ" ಅಂತ ಗದರುತ್ತಾಳೆ. ಅಜ್ಜಿ ದನಿ ಬೇರೆಲ್ಲೂ ಉಳಿದಿಲ್ಲ. ಅಮ್ಮ ಆ ಭಾಗವನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ಚಪ್ಪರದ ಕಂಬ ಹಿಡಿದು ನಿಂತ ಯಾರ್ಯಾರನ್ನೋ ಗುರುತಿಸಿ, ಇವರು ಹೋದರು, ಅವರು ಈಗ ಕ್ಯಾತ್ಸಂದ್ರದಲ್ಲಿ ಮಗಳ ಮನೇಲಿದ್ದಾರೆ ಅಂತ ಒಬ್ಬೊಬ್ಬರ ಲೆಕ್ಕ ಒಪ್ಪಿಸಿದರು.

ಒಂದು ಸೂಕ್ಷ್ಮ. ಹಳೇ ಮದುವೆ ಡಿವಿಡಿಯನ್ನು ಹಾಗೇ ಫೈಲ್ ಮಾಡಿದರೆ ಯಾರಾದರೂ ಕೈ ಆಡಿಸಿದಾಗ, ನಡೆದಾಗ ಅಂಚಿನಲ್ಲಿ ಸಣ್ಣ ಅಡ್ಡಗೆರೆಗಳು ಕಾಣುತ್ತವೆ. ಹಳೇ ಟಿವಿಗಾಗಿ ಚಿತ್ರವನ್ನು ಅರ್ಧರ್ಧ ಸಾಲಾಗಿ ತೆಗೆದಿರುತ್ತಾರೆ, ಅದಕ್ಕೆ. ಹ್ಯಾಂಡ್‌ಬ್ರೇಕ್‌ನಲ್ಲಿ ಡೀಇಂಟರ್ಲೇಸ್ ಅನ್ನುವುದನ್ನು ಆರಿಸಿಕೊಳ್ಳಿ, ಹೋಗುತ್ತದೆ.

ಅಮೆರಿಕದಿಂದ ನೆಂಟರು ತಂದುಕೊಟ್ಟ ಪಿಎಸ್3 ಇದ್ದವರಿಗಂತೂ ಈ ದಾರಿ ಬಿಟ್ಟು ಬೇರೆ ಇಲ್ಲ. ನಮ್ಮಲ್ಲಿ ಮಾಡುವ ಡಿವಿಡಿ ಪಾಲ್ ಪದ್ಧತಿಯದು, ಸೆಕೆಂಡಿಗೆ 25 ಚಿತ್ರ. ಅಲ್ಲಿನ ಪಿಎಸ್3 ಅಲ್ಲಿಯದೇ ಎನ್‌ಟಿಎಸ್‌ಸಿ ಪದ್ಧತಿಯ ಡಿವಿಡಿ ಮಾತ್ರ ಓಡಿಸುತ್ತದೆ. ಡಿಸ್ಕ್ ಹಾಕಿದರೆ ಆಗಲ್ಲ ಅನ್ನುತ್ತದೆ, ಜನ ಲೆನ್ಸ್ ಹೋಯ್ತು ಅಂದುಕೊಂಡು ರಿಪೇರಿಗೆ ಒಯ್ಯುತ್ತಾರೆ. ಅದೇ ಮದುವೆಯನ್ನು ಎಂಪಿ4 ಮಾಡಿ ನೆಟ್‌ವರ್ಕ್ ಮೇಲೆ ಕಳಿಸಿ, ಸದ್ದಿಲ್ಲದೆ ಓಡುತ್ತದೆ. ಹಾಗೇ, ಪಿಎಸ್4 ಡಿವಿಡಿ ಓದುತ್ತದೆ, ಸಿಡಿ ಓದುವುದಿಲ್ಲ. ಹಳೇ ವಿಸಿಡಿ, ಭಾವಗೀತೆ ಸಿಡಿ ಎಲ್ಲ ಕಂಪ್ಯೂಟರ್ ಮೂಲಕವೇ ಬರಬೇಕು.

ಇನ್ನು, ಬರೀ ಇದಕ್ಕಾಗಿ ಹೊಸ ಕನ್ಸೋಲ್ ಬೇಡ ಅಂದದ್ದಕ್ಕೆ ಕಾರಣ. ಮೊದಲನೆಯದು ಕರೆಂಟು. ಮೊದಲ ಮಾದರಿಯ ಪಿಎಸ್4 ಸುಮ್ನೆ ವಿಡಿಯೋ ತೋರಿಸಲು 80 ವ್ಯಾಟ್ ಆಸುಪಾಸು ಕುಡಿಯುತ್ತದೆ. ಅದೇ ಕೆಲಸವನ್ನು ಟಿವಿ ಹಿಂದೆ ಚುಚ್ಚುವ ಸ್ಟಿಕ್ ನಾಲ್ಕೈದು ವ್ಯಾಟ್‌ನಲ್ಲಿ ಮುಗಿಸುತ್ತದೆ. ಒಂದು ಚೀಲ ಕೊಬ್ಬರಿ ಸಾಗಿಸಲು ತಿಪಟೂರಿಂದ ಲಾರಿ ಮಾಡಿಕೊಂಡು ಬಂದ ಹಾಗೆ. ದಿನಕ್ಕೆ ಮೂರು ಗಂಟೆ ನೋಡಿದರೆ ತಿಂಗಳಿಗೆ ಏಳು ಯೂನಿಟ್ ಮೇಲಾಗುತ್ತದೆ. ಅಷ್ಟೇನಾ ಅನ್ನಬೇಡಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಅಂತ ಬಾಯಲ್ಲಿ ಹೇಳುತ್ತೇವೆ, ಆದರೆ ಒಬ್ಬೊಬ್ಬರ ಮಿತಿ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಕಟ್ಟಿದ್ದು. ತೀರಾ ಕಡಿಮೆ ಉರಿಸುವವರಿಗೆ ಮಾತ್ರ ಹತ್ತು ಯೂನಿಟ್ ಸೇರಿಸುವ ಲೆಕ್ಕ. 70 ಯೂನಿಟ್ ಸರಾಸರಿ ಇದ್ದವರಿಗೆ ಹೆಚ್ಚಿಗೆ ಸಿಗುವುದೇ ಏಳು. ಅದನ್ನು ಪೂರ್ತಿ ಈ ಡಬ್ಬವೇ ನುಂಗುತ್ತದೆ. ಮಿತಿ ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ನಮ್ಮ ಮನೆಯಲ್ಲಿ ಅದಕ್ಕೇ ಇದು ವಾರದ ಕೊನೆಯ ಸುಖ. ನ್ಯೂಸು, ಧಾರಾವಾಹಿಗೆಲ್ಲ ಟಿವಿಯದೇ ಆ್ಯಪ್.

ಕರೆಂಟ್ ಹೋಗುವುದೂ ಒಂದು ಕಾಟ. ಓಡುತ್ತಿರುವಾಗ ಫಟ್ ಅಂತ ಹೋದರೆ ಪಿಎಸ್4 ಮತ್ತೆ ಆನ್ ಆಗುವಾಗ ಸ್ಟೋರೇಜ್ ಪರೀಕ್ಷೆಗೆ ಕೂರುತ್ತದೆ. ಚುಚ್ಚಿರುವ ಹಾರ್ಡ್ ಡಿಸ್ಕ್‌ನಲ್ಲಿ ಫೈಲು ಕೆಡುವ ಅಪಾಯವೂ ಇದೆ. ಮನೆಯ ಯುಪಿಎಸ್ ಲೈನ್‌ಗೆ ಕೊಡಿ, ಇಲ್ಲವೇ ಇದರ ತಂಟೆಗೆ ಹೋಗಬೇಡಿ.

ರಿಮೋಟ್ (ಅಂದರೆ ಗೇಮ್ ಆಡುವ ಕಂಟ್ರೋಲರ್) ವಿಷಯಕ್ಕೆ ಬಂದರೆ ಅಮ್ಮನ ಮಾತೇ ಕೊನೆ ಮಾತು. "ಈ ಕೊಂಬಿರೋ ರಿಮೋಟ್ ನಂಗ್ಬೇಡ ಕಣಪ್ಪ." ಬೆರಳು ಮೇಲಿನ ಬಟನ್‌ಗೆ ತಾಗಿದರೆ ಸಾಕು, ಅಕ್ಕನ ಧಾರೆ ಬಿಟ್ಟು ಬೀಗರ ಔತಣಕ್ಕೆ ಓಡುತ್ತದೆ. ಈಗ ಕ್ರಾಸ್ ಅಂದರೆ ಹಾಕು, ಸೊನ್ನೆ ಅಂದರೆ ವಾಪಸ್ ಅಂತ ಕಲಿತಿದ್ದಾರೆ. ಎಕ್ಸ್‌ಬಾಕ್ಸ್‌ಗೆ ಟಿವಿ ರಿಮೋಟ್ ಥರದ್ದೇ ಮೀಡಿಯಾ ರಿಮೋಟ್ ಪ್ರತ್ಯೇಕ ಸಿಗುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಅದಕ್ಕೆ ದುಡ್ಡು ಹಾಕಿ, ಅಡ್ಡಿಯಿಲ್ಲ.

ಬೇಡ ಅನ್ನಲು ಎರಡನೇ ಕಾರಣ ಕಂಪನಿಗಳ ಬುದ್ಧಿ. ಪಿಎಸ್5 ನೋಡಿ. ಅಷ್ಟು ದುಡ್ಡಿನ ಯಂತ್ರ, ಪಿಎಸ್4ನಲ್ಲಿದ್ದ ಆ ಮೀಡಿಯಾ ಪ್ಲೇಯರ್ ಅದಕ್ಕಿಲ್ಲ. ಓಟಿಟಿ ಆ್ಯಪ್‌ಗಳು ಸಾಲಾಗಿ ನಿಂತಿವೆ, ಪ್ಲೆಕ್ಸ್ ಸಿಗುತ್ತದೆ, ಆದರೆ ಮನೆಯ ಫೋಲ್ಡರನ್ನು ನೇರವಾಗಿ ತೋರಿಸು ಅಂದರೆ ಆಗುವುದಿಲ್ಲ. ಮರೆತದ್ದಲ್ಲ, ಬೇಕಂತಲೇ ಬಿಟ್ಟದ್ದು ಅಂತ ನನ್ನ ಅನಿಸಿಕೆ. ನಿಮ್ಮ ಫೈಲು ನೀವು ನೋಡಿಕೊಂಡರೆ ಅವರಿಗೆ ಬರುವುದೇನು? ಇನ್ನು ಅವರೇ ಮಾರಿದ ಸಿನಿಮಾಗಳ ಗತಿ ಕೇಳಿ. ಸೋನಿ 2021ರ ಆಗಸ್ಟ್‌ಗೆ ತನ್ನ ಸ್ಟೋರಿನಲ್ಲಿ ಸಿನಿಮಾ ಮಾರುವುದನ್ನೇ ನಿಲ್ಲಿಸಿತು. ಮರುವರ್ಷ ಜರ್ಮನಿ, ಆಸ್ಟ್ರಿಯಾದ ಗ್ರಾಹಕರಿಗೆ, ನೀವು ದುಡ್ಡು ಕೊಟ್ಟು ಕೊಂಡ ಇಂತಿಂಥ ಸಿನಿಮಾಗಳು ಇನ್ನು ಮೇಲೆ ಸಿಗುವುದಿಲ್ಲ ಅಂತ ತಿಳಿಸಿತು. ಲೈಸೆನ್ಸ್ ಮುಗಿಯಿತಂತೆ. ದುಡ್ಡು ಕೊಟ್ಟವನಿಗೆ ಅದೆಲ್ಲ ಯಾಕೆ? ಡಿಸ್ಕ್ ಕೊಂಡಿದ್ದರೆ ಯಾರೂ ಬಂದು ಬೀರು ತೆಗೆದು ಒಯ್ಯುತ್ತಿರಲಿಲ್ಲ.

ಅಂದಮಾತ್ರಕ್ಕೆ ಟೆಲಿಗ್ರಾಂನಲ್ಲಿ ಸಿಕ್ಕಿದ್ದೆಲ್ಲ ಇಳಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಪಿಎಸ್3ರಲ್ಲಿ ಸಿನಾವಿಯಾ ಅನ್ನುವ ಕಾವಲುಗಾರ ಕೂತಿದ್ದಾನೆ. ಸಿನಿಮಾದ ಧ್ವನಿಯೊಳಗೆ ಕಿವಿಗೆ ಕೇಳಿಸದ ಗುರುತು ಅಡಗಿಸಿರುತ್ತಾರೆ, ಥಿಯೇಟರ್‌ನಲ್ಲಿ ಕ್ಯಾಮೆರಾ ಇಟ್ಟು ಕದ್ದರೂ ಅದು ಉಳಿಯುತ್ತದೆ. ಅಂಥ ಫೈಲು ಹಾಕಿದರೆ ಸ್ವಲ್ಪ ಹೊತ್ತಿಗೆ ಧ್ವನಿ ಬಂದ್, ಇಲ್ಲವೇ ಸಿನಿಮಾವೇ ಬಂದ್. ಕನ್ನಡ ಸಿನಿಮಾಗಳಿಗೆ ಈ ಗುರುತಿನ ಕಾಟ ಇರಲಿ ಬಿಡಲಿ, ನಮ್ಮವರ ಸಿನಿಮಾವನ್ನು ನಾವೇ ಕದ್ದು ನೋಡಿ, ಆಮೇಲೆ ಕನ್ನಡ ಚಿತ್ರ ಓಡಲ್ಲ ಅಂತ ಪೋಸ್ಟ್ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಕನ್ಸೋಲ್ ಇಲ್ಲದವರು ಅಗ್ಗದ ಸ್ಟಿಕ್ ತಂದು ಅದಕ್ಕೇ ಕೋಡಿ ಅಥವಾ ಜೆಲ್ಲಿಫಿನ್ ಹಾಕಿಕೊಳ್ಳಿ, ಕೆಲಸ ಮುಗಿಯಿತು. ಇದ್ದವರು ಮೊದಲು ಅದರ ಧೂಳು ತೆಗೆಸಿ. ನಮ್ಮ ಕಡೆ ಧೂಳಿಗೆ ಫ್ಯಾನ್ ಹೇಗೆ ಅರಚುತ್ತದೆ ಅಂದರೆ ಮಂತ್ರವೂ ಕೇಳಿಸುವುದಿಲ್ಲ, ಓಲಗವೂ ಕೇಳಿಸುವುದಿಲ್ಲ.

ಕ್ಯಾಸೆಟ್ ಇರುವವರು ಮಾತ್ರ ತಡ ಮಾಡಬೇಡಿ. ಜಪಾನಿನ ಫುನಾಯ್ ಕಂಪನಿ 2016ರಲ್ಲೇ ವಿಸಿಆರ್ ಮಾಡುವುದನ್ನು ನಿಲ್ಲಿಸಿದೆ, ಹೊಸದು ಎಲ್ಲೂ ತಯಾರಾಗುತ್ತಿಲ್ಲ. ಇರುವ ಹಳೆಯವೂ ಬೆಲ್ಟ್ ಹೋಗಿ, ಹೆಡ್ ಸವೆದು ಮೂಲೆ ಸೇರುತ್ತಿವೆ. ನಮಗೆ ಡಿವಿಡಿ ಮಾಡಿಕೊಟ್ಟಿದ್ದ ಸ್ಟುಡಿಯೋ ಈಗ ಇಲ್ಲ, ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ನನ್ನ ಹೆಂಡತಿ ತವರಿನ ಎರಡು ಕ್ಯಾಸೆಟ್ ಇನ್ನೂ ಬಾಕಿ ಇವೆ. ಒಂದು ಅವಳ ಅಣ್ಣನ ಉಪನಯನ, ಇನ್ನೊಂದರ ಮೇಲೆ ಚೀಟಿಯೇ ಇಲ್ಲ. ತುಮಕೂರಲ್ಲಿ, ಇಲ್ಲ ಗುಬ್ಬಿ, ಶಿರಾ ಕಡೆ ಯಾರ ಹತ್ತಿರವಾದರೂ ಓಡುವ ವಿಸಿಆರ್ ಇದ್ದರೆ ದಯವಿಟ್ಟು ತಿಳಿಸಿ. ಕ್ಯಾಸೆಟ್ ಹಿಡಿದುಕೊಂಡು ನಾನೇ ಬರುತ್ತೇನೆ.